ಅತ್ತೆಯವರ ಮೂರನೆಯ ಪೇಪರು

ಗಲಾಟೆಯಿಂದ ಓದು ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಗಲಾಟೆ ನಿಂತಿತೆಂದು ಓದು ಕೆಟ್ಟವರನ್ನು ನೋಡಿದ್ದೀರಾ? ಇಲ್ಲವಾದರೆ ದಯವಿಟ್ಟು ಬಾಗಲಗುಂಟೆಯ ನಮ್ಮ ಮನೆಗೆ ಬನ್ನಿ, ನಮ್ಮತ್ತೆಯವರನ್ನು ಪರಿಚಯಿಸುತ್ತೇನೆ. ಭಾನುವಾರ ಮಾತ್ರ ಬರಬೇಡಿ. ಭಾನುವಾರ ಅವರ ತಲೆ ಓಡುವುದಿಲ್ಲ!

ನಾನು ಹೇಳಹೊರಟಿರುವುದೂ ಒಂದು ಭಾನುವಾರದ ಸಂಗತಿಯೇ. ಅಂದು ಬೆಳಿಗ್ಗೆ ಎಲ್ಲವೂ ಎಂದಿನಂತೆ ಶುರುವಾಯಿತು. ಐದೂವರೆಗೆ ಗೇಟಿಗೆ ತೂಗುಹಾಕಿದ ಚೀಲಕ್ಕೆ ಹಾಲಿನ ಪ್ಯಾಕೆಟ್ಟು ಬಿತ್ತು. ನಾನು ಅವಲಕ್ಕಿ ನೆನೆಹಾಕಿದೆ. ಮಾವನವರು ಬಿಳಿ ಪಂಚೆಯುಟ್ಟು, ಪೇಪರನ್ನು ಕೊನೆಯ ಪುಟದಿಂದ ಓದಲು ಕೂತರು. ನನ್ನವರು ತುಮಕೂರಿನಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಆಗಲೇ ಹೊರಟುಹೋಗಿದ್ದರು. ಅತ್ತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡರು. ಅಲ್ಲಿಯವರೆಗೆ ಮಾಮೂಲು. ಆಮೇಲೆ ಅದೇ ಮೂರು ಬೆರಳನ್ನು ಕ್ಯಾಲ್ಕುಲೇಟರಿನ ಹಣೆಗೂ ಎಳೆದರು. ಅದರ ಪಕ್ಕದಲ್ಲಿದ್ದ ಇನ್ನೊಂದು ಕ್ಯಾಲ್ಕುಲೇಟರಿಗೂ ಎಳೆದರು.

"ಅತ್ತೆ, ಬಟನ್ನಿನೊಳಗೆ ವಿಭೂತಿ ಹೋದರೆ ಅದು ಕೆಲಸ ಮಾಡಲ್ಲ."

"ಅದಕ್ಕ ಎರಡು ಒಯ್ಯಾಕತ್ತೀನಿ" ಎಂದರು.

ಅರವತ್ತೊಂದು ವರ್ಷದ ನಮ್ಮತ್ತೆ ಅಂದು ಪರೀಕ್ಷೆ ಬರೆಯಲು ಹೊರಟಿದ್ದರು. ಲೆಕ್ಕ ಬರೆಯುವವರಿಗೆ ಸರ್ಟಿಫಿಕೇಟು ಕೊಡುವ ಬುಕ್‌ಕೀಪಿಂಗ್ ಪರೀಕ್ಷೆ. ಒಟ್ಟು ಮೂರು ಪೇಪರು. ಎರಡನ್ನು ಮೊದಲ ಏಟಿಗೇ ಪಾಸು ಮಾಡಿಕೊಂಡಿದ್ದರು. ಮೂರನೆಯದು, ಅಂದರೆ ವರ್ಷದ ಕೊನೆಗೆ ಲಾಭನಷ್ಟ ತೆಗೆದು ಬ್ಯಾಲೆನ್ಸ್ ಶೀಟು ಕಟ್ಟುವ ಪೇಪರು, ಎರಡು ಸಲ ಕೈಕೊಟ್ಟಿತ್ತು. ಇದು ಮೂರನೆಯ ಸಲ. ಕೊನೆಯ ಸಲ ಕೂಡ. ಯಾಕೆ ಕೊನೆಯದು ಎಂದರೆ, ಅದರ ಹಿಂದೆ ಒಂದು ಪಂದ್ಯವಿದೆ.

ನಾವಿರುವುದು ಮೊದಲ ಮಹಡಿಯಲ್ಲಿ. ಕೆಳಗೆ ಮಾವನವರು ದಾವಣಗೆರೆಯಿಂದ ಬಂದು ಹಾಕಿದ ಪ್ರೆಸ್ ಶಾಪು. ತಗಡಿನ ಪಟ್ಟಿಯನ್ನು ಒಳಗೆ ತಳ್ಳಿ, ಪೆಡಲು ತುಳಿದರೆ 'ದಬ್' ಎಂದು ಒಂದು ವಾಷರು ಕತ್ತರಿಸಿ ಬೀಳುತ್ತದೆ. ಅವೆಲ್ಲ ಪೀಣ್ಯದ ದೊಡ್ಡ ಕಾರ್ಖಾನೆಗಳಿಗೆ ಹೋಗುತ್ತವೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಭಾನುವಾರವೊಂದನ್ನು ಬಿಟ್ಟು, ನಮ್ಮ ಮನೆಯ ಗೋಡೆ, ಸ್ಟೀಲು ಲೋಟ, ದೇವರ ಫೋಟೋ ಎಲ್ಲವೂ ದಬ್ ದಬ್ ಎಂದು ಅದುರುತ್ತಿರುತ್ತವೆ. ಆ ಶಾಪಿನ ಬಾಗಿಲ ಪಕ್ಕ ಒಂದು ಮರದ ಮೇಜು, ಒಂದು ಬೆತ್ತದ ಕುರ್ಚಿ, ಅದರ ಮೇಲೆ ಹಳೆಯ ಇಳಕಲ್ ಸೀರೆಯಿಂದ ಹೊಲಿದ ದಿಂಬು. ಅದು ಅತ್ತೆಯವರ ಸ್ಥಾನ. ಮೂವತ್ತು ವರ್ಷ ಅಲ್ಲೇ ಕೂತು ಶಾಪಿನ ಲೆಕ್ಕ ಬರೆದಿದ್ದಾರೆ. ಮನೆಯ ಸೋಫಾದಲ್ಲಿ ಅವರು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಕಂಡಿಲ್ಲ.

ಎರಡು ವರ್ಷದ ಹಿಂದೆ ನನ್ನವರು ಊಟದ ನಡುವೆ ಮೆಲ್ಲಗೆ ಪೀಠಿಕೆ ಹಾಕಿದರು. "ಅಮ್ಮಾ, ಈಗ ಎಲ್ಲ ಕಂಪ್ಯೂಟರು. ಸರ್ಟಿಫಿಕೇಟ್ ಇರೋ ಅಕೌಂಟೆಂಟ್ ಒಬ್ರನ್ನ ಇಟ್ಕೊಳ್ಳೋಣ. ನೀನು ಆರಾಮಾಗಿ ಮನೇಲಿರು."

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಸರ್ಟಿಫಿಕೇಟ್ ಬೇಕಲ್ಲ? ತರ್ತೀನಿ."

"ತಾ, ತಾ" ಎಂದರು ಮಾವ. "ಬರ್ತಾ ಎರಡು ಕಟ್ಟು ಮೆಂತೆ ಸೊಪ್ಪೂ ತಾ."

ಅಲ್ಲಿಗೆ ಪಂದ್ಯ ಕಟ್ಟಿತು. ಒಂದೊಂದು ಪೇಪರಿಗೂ ಮೂರು ಅವಕಾಶ. ಪಾಸಾದರೆ ಕುರ್ಚಿ ಅತ್ತೆಯದು, ಅವರಾಗಿ ಏಳುವ ತನಕ. ಫೇಲಾದರೆ ಲೆಕ್ಕದ ಪುಸ್ತಕಗಳ ಬೀರುವಿನ ಬೀಗದಕೈ ಗೊಂಚಲು ಹೊಸಬರ ಕೈಗೆ. ಮಾವನವರಂತೂ ಅಂದಿನಿಂದ ಅತ್ತೆ ಚಪ್ಪಲಿ ಮೆಟ್ಟಿದಾಗಲೆಲ್ಲ "ಮೆಂತೆ ಸೊಪ್ಪು!" ಎಂದು ಕೂಗುವುದನ್ನು ರೂಢಿ ಮಾಡಿಕೊಂಡರು. ಕೂಗುವುದು ಅನಿವಾರ್ಯ ಕೂಡ. ಆ ಪ್ರೆಸ್ಸು ಮಾವನವರಿಗೆ ಮನೆ ಕಟ್ಟಿಸಿಕೊಟ್ಟು, ಬದಲಿಗೆ ಅವರ ಎರಡೂ ಕಿವಿಗಳನ್ನು ತೆಗೆದುಕೊಂಡಿದೆ.

ಪುಸ್ತಕ ಇಂಗ್ಲಿಷಿನದು. ಹಾಗಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಗುಂಡುಸೂಜಿ ಬಿದ್ದರೂ ಕೇಳಬೇಕು, ಅಂಥ ನಿಶ್ಶಬ್ದದಲ್ಲೇ ವಿದ್ಯೆ ತಲೆಗೆ ಹತ್ತುವುದು ಎಂದು ಸಿಸ್ಟರುಗಳು ನಮ್ಮ ತುಟಿಯ ಮೇಲೆ ಬೆರಳಿಡಿಸಿ ಕಲಿಸಿದ್ದರು. ನಾನು ಕಿಟಕಿ ಮುಚ್ಚಿ, ಬಾಗಿಲು ಹಾಕಿ, ಪರದೆ ಎಳೆದು ಪಾಠ ಶುರು ಮಾಡಿದೆ. ಅತ್ತೆ ಎದ್ದು ಒಂದೊಂದಾಗಿ ಎಲ್ಲವನ್ನೂ ತೆರೆದರು.

"ಪ್ರೆಸ್ಸು ಕೇಳಸ್ಬೇಕವ್ವಾ. ಇಲ್ಲಾಂದ್ರ ಒಂದಕ್ಷರ ಒಳಗ ಇಳಿಯಂಗಿಲ್ಲ."

ತಮಾಷೆ ಎಂದುಕೊಂಡೆ. ಅಲ್ಲ! ಕೆಳಗೆ ದಬ್ ಎಂದರೆ ಇಲ್ಲಿ ಎಡಗಡೆ ಒಂದು ಅಂಕಿ, ಇನ್ನೊಂದು ದಬ್‌ಗೆ ಬಲಗಡೆ ಒಂದು ಅಂಕಿ. ಹನ್ನೊಂದಕ್ಕೆ ಚಹಾಕ್ಕೆಂದು ಪ್ರೆಸ್ಸು ನಿಂತರೆ ಅತ್ತೆಯವರ ಪೆನ್ನೂ ಒಂಬತ್ತು ಎಂಬ ಅಂಕಿಯ ತಲೆ ಬರೆದು ಬಾಲ ಬರೆಯದೆ ನಿಲ್ಲುತ್ತಿತ್ತು. ಕೆಳಗೆ ಚಹಾ ಮುಗಿದ ಮೇಲೆ ಒಂಬತ್ತಿಗೆ ಬಾಲ ಮೂಡುತ್ತಿತ್ತು.

ಭಾನುವಾರ ಏನು ಮಾಡುವುದು? ಅದಕ್ಕೂ ಅವರೇ ಉಪಾಯ ಕಂಡುಕೊಂಡರು. ನಾನು ಅಡುಗೆಮನೆಯಲ್ಲಿ ಮಿಕ್ಸಿ ಓಡಿಸಬೇಕು, ಅವರು ಬಾಗಿಲಲ್ಲಿ ಕೂತು ಓದಬೇಕು. ಬರೀ ಜಾರು ಓಡಿಸಿದರೆ ಮಿಕ್ಸಿ ಕೆಡುತ್ತದಲ್ಲ, ಅದಕ್ಕೆ ಶೇಂಗಾ ಹಾಕಿದೆ. ಒಂದು ಅಧ್ಯಾಯಕ್ಕೆ ಒಂದು ಕಿಲೋ ಶೇಂಗಾ ಚಟ್ನಿಪುಡಿ! ಡಬ್ಬಿಗಳು ತುಂಬಿದ ಮೇಲೆ ಬೀದಿಯ ಮನೆಮನೆಗೂ ಹಂಚಿದೆವು. ಪಕ್ಕದ ಮನೆಯ ಅಕ್ಕ (ಅವರದು ಇಲ್ಲಿನ ಮೂಲ ಒಕ್ಕಲು, ಈ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ) ಮೂರನೆಯ ಡಬ್ಬಿ ತೆಗೆದುಕೊಳ್ಳುವಾಗ ದನಿ ತಗ್ಗಿಸಿ ಕೇಳಿದರು. "ಏನಮ್ಮಿ, ಏನಾರ ಅರಕೆನಾ?"

ಹರಕೆಯೇ ಸರಿ! ಆದರೂ ಮೊದಲ ಸಲ ಮೂರನೆಯ ಪೇಪರು ಕೆಟ್ಟದ್ದಕ್ಕೆ ಪ್ರೆಸ್ಸು ಕಾರಣವಲ್ಲ. ಕಾರಣ ಮೋಹನ್. ಮೋಹನ್ ಎಂದರೆ ಪುಸ್ತಕದಲ್ಲೂ ಪ್ರಶ್ನೆಪತ್ರಿಕೆಯಲ್ಲೂ ಬರುವ ಕಾಲ್ಪನಿಕ ವ್ಯಾಪಾರಿ. ಅತ್ತೆಗೆ ಅವನ ಮೇಲೆ ಬಹಳ ಕನಿಕರ. "ಪಾಪ, ಮೂರು ಪುಟದಿಂದ ಬರೀ ನಷ್ಟದಾಗ ಅದಾನ ನೋಡು" ಎಂದು ಊಟದ ಹೊತ್ತಿನಲ್ಲೂ ನೆನೆಯುವರು. ಅಂದಿನ ಪ್ರಶ್ನೆಯಲ್ಲಿ ಮೋಹನನಿಗೆ ಹಣ ಕೊಡಬೇಕಾದವನೊಬ್ಬ ದಿವಾಳಿಯಾಗಿದ್ದ. ಆ ಬಾಕಿ ಇನ್ನು ಬಾರದೆಂದು ನಷ್ಟಕ್ಕೆ ಬರೆದು ಲೆಕ್ಕ ಮುಗಿಸಬೇಕಿತ್ತು. ಅತ್ತೆ ಬರೆಯಲಿಲ್ಲ.

"ಯಾಕತ್ತೆ?"

"ಒಂದು ಸಲ ಹೋಗಿ ಕೇಳಿದ್ನೇನು ಆ ಮೋಹನ? ಹೋಗಿ ಬಾಗಿಲಾಗ ಕುಂತಿದ್ರ ಕೊಡ್ತಿದ್ದ."

ಇದು ಅವರ ಅನುಭವದ ಮಾತು. ಯಾವುದಾದರೂ ಕಾರ್ಖಾನೆಯವರು ಬಿಲ್ಲಿನ ಹಣ ಎಳೆದಾಡಿದರೆ ಅತ್ತೆ ಜಗಳವಾಡುವುದಿಲ್ಲ, ಫೋನು ಮಾಡುವುದಿಲ್ಲ. ಎರಡು ಕಿಲೋ ಅವರೆಕಾಯಿ ತೆಗೆದುಕೊಂಡು ಹೋಗಿ ಅವರ ರಿಸೆಪ್ಷನ್ನಿನ ಸೋಫಾದಲ್ಲಿ ಕೂತು ಸುಲಿಯುತ್ತಾರೆ. ಗಾಜಿನ ಬಾಗಿಲು, ಟೈ ಕಟ್ಟಿದ ಜನ, ನಡುವೆ ಅವರೆಕಾಯಿಯ ಸೊಗಡು! ಸಿಪ್ಪೆ ಸೋಫಾದ ಮಟ್ಟಕ್ಕೆ ಬರುವ ಮೊದಲೇ ಮ್ಯಾನೇಜರು ಚೆಕ್ಕು ಹಿಡಿದು ಓಡಿಬರುತ್ತಾರೆ. ಚೆಕ್ಕಿಗೆ ಚೆಕ್ಕೂ ಆಯಿತು, ಸಂಜೆಯ ಸಾರಿಗೆ ಕಾಳೂ ಆಯಿತು. ಇಂಥವರಿಗೆ 'ಬಾರದ ಬಾಕಿ' ಎಂದರೆ ಹೇಗೆ ಅರ್ಥವಾದೀತು? ಅಷ್ಟೇ ಅಲ್ಲ, ಉತ್ತರದ ಕೆಳಗೆ ಮೋಹನನಿಗೆ ನಾಲ್ಕು ಸಾಲು ಬುದ್ಧಿಮಾತನ್ನೂ ಬರೆದು ಬಂದಿದ್ದರು. ಅದಕ್ಕೆ ಅಂಕ ಕೊಡಲಿಲ್ಲವೆಂದು ಅವರಿಗೆ ಇಂದಿಗೂ ಬೇಸರವಿದೆ.

ಎರಡನೆಯ ಸಲ ಮೋಹನ ಏನೂ ತೊಂದರೆ ಕೊಡಲಿಲ್ಲ. ಆದರೆ ಪರೀಕ್ಷೆಯ ಹಾಲು ಅಷ್ಟು ನಿಶ್ಶಬ್ದವಾಗಿತ್ತಂತೆ. "ಫ್ಯಾನು ಸೈತ ಸಪ್ಪಳ ಮಾಡವಲ್ದು! ಅದೇನು ಪರೀಕ್ಷಿನೋ ಸುಡುಗಾಡೋ!" ಎಂದು ಹೊರಬಂದರು. ಮೂರು ಅಂಕ ಕಡಿಮೆಯಾಯಿತು. ಆ ವಾರ ಅತ್ತೆ ಬೆತ್ತದ ಕುರ್ಚಿಯ ದಿಂಬನ್ನು ಒಗೆದು, ಹರಿದ ಕಡೆ ಹೊಲಿದು, ಬಿಸಿಲಿಗೆ ಹಾಕಿದರು. ನಾನು ನೋಡುತ್ತಿದ್ದೆ. ಮದುವೆಯಾಗಿ ಹೋಗುವ ಮಗಳ ಬಟ್ಟೆ ಜೋಡಿಸುವ ಹಾಗೆ ಮಡಿಕೆ ಬಿಡಿಸಿ ಬಿಡಿಸಿ ಹಾಕುತ್ತಿದ್ದರು.

ಅಂದೇ ನಾನು ತೀರ್ಮಾನಿಸಿದೆ, ಇವರಿಗೆ ನಿಶ್ಶಬ್ದ ಕಲಿಸಲೇಬೇಕು. ಪ್ರತಿ ಭಾನುವಾರ ಊಟದ ಮೇಜಿನಲ್ಲಿ ಅಣಕು ಪರೀಕ್ಷೆ. ನಾನೇ ಮೇಲ್ವಿಚಾರಕಿ, ಪೂಜೆಯ ಗಂಟೆಯೇ ಬೆಲ್ಲು. ಮಿಕ್ಸಿಗೆ ನಿಷೇಧ. ಹತ್ತು ನಿಮಿಷ ಕಳೆಯುವುದರೊಳಗೆ ಮಾವನವರ ಪ್ರವೇಶ.

"ಚಾ ಐತೇನು?"

"ಹೊರಗಿನೋರಿಗೆ ಹಾಲಿನಾಗ ಪ್ರವೇಶ ಇಲ್ಲ!" ಅತ್ತೆ ತಲೆ ಎತ್ತದೆ ಗದರಿದರು.

"ಹಾಲಿಲ್ಲಾಂದ್ರ ಕರೀ ಚಾನ ಕೊಡ್ರಿ" ಎಂದರು ಮಾವ, ನಿಜಕ್ಕೂ ಕೇಳಿಸದೆಯೋ, ಕೇಳಿಸಿಯೋ! ಆ ಮನುಷ್ಯನ ಕಿವಿಯ ವಿಷಯದಲ್ಲಿ ಏನನ್ನೂ ಖಚಿತವಾಗಿ ಹೇಳಲಾಗದು.

ಹೀಗೆ ಬಂದದ್ದು ಆ ಮೂರನೆಯ ಸಲದ ಭಾನುವಾರ. ಅವಲಕ್ಕಿ ತಿಂದು ಹೊರಟೆವು. ಮಾವನವರು ಪೇಪರಿನಿಂದ ಮುಖ ತೆಗೆಯಲಿಲ್ಲ.

"ಎಷ್ಟೊತ್ತಿಂದ ಎಷ್ಟೊತ್ತಿಗೆ?"

"ಹತ್ತರಿಂದ ಒಂದು, ಮಾವ" ಎಂದೆ.

"ಆಂ?"

"ಹತ್ತರಿಂದ! ಒಂದು!"

ನಾನು ಬೆರಳಿನಲ್ಲಿ ತೋರಿಸುವವರೆಗೂ ಬಿಡಲಿಲ್ಲ. ಆಮೇಲೆ, "ಮೆಂತೆ ಸೊಪ್ಪು ಮರೀಬ್ಯಾಡ್ರಿ" ಎಂದು ಪುಟ ಮಗುಚಿದರು. ಒಂದು 'ಒಳ್ಳೇದಾಗಲಿ' ಎನ್ನಬಾರದೇ ಈ ಮನುಷ್ಯ ಎಂದು ಮೆಟ್ರೊದಲ್ಲಿ ಪೂರ್ತಿ ದಾರಿ ನಾನು ಮನಸ್ಸಿನಲ್ಲೇ ಕುದಿದೆ. ಮಡಿಲಲ್ಲಿದ್ದ ಅತ್ತೆಯವರ ಬೆರಳುಗಳು ಬೀರುವಿನ ಬೀಗದಕೈ ಗೊಂಚಲನ್ನು ಒಂದೊಂದೇ ಕೀಲಿಯಾಗಿ ಸರಿಸುತ್ತಿದ್ದವು.

ಪರೀಕ್ಷೆ ನಡೆದದ್ದು ರಾಜಾಜಿನಗರದ ಒಂದು ಕಾಲೇಜಿನಲ್ಲಿ. ನಾನು ಹೊರಗೆ ಹೊಂಗೆ ಮರದ ಕಟ್ಟೆಯಲ್ಲಿ ಕೂತೆ. ಪಕ್ಕದಲ್ಲಿ ಕೂತಿದ್ದ ಒಬ್ಬ ತಾಯಿ ಮಾತು ತೆಗೆದರು. "ನಮ್ಮ ಹುಡುಗಿ ರಾತ್ರಿಯೆಲ್ಲ ಅಳು, ಮೇಡಂ. ನಿಮ್ಮ ಮಗಳೂ ಇದೇ ಮೊದಲ ಸಲಾನಾ?"

"ಮಗಳಲ್ಲ, ನಮ್ಮತ್ತೆ. ಮೂರನೇ ಸಲ."

ಆಕೆ ಕಟ್ಟೆಯ ಮೇಲೆ ಒಂದು ಗೇಣು ಆಚೆ ಸರಿದು ಕೂತರು.

ಒಂದು ಗಂಟೆಗೆ ಬೆಲ್ಲಾಯಿತು. ಅತ್ತೆ ಬಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಬಾಟಲಿಯ ನೀರನ್ನೆಲ್ಲ ಕುಡಿದರು.

"ಹೇಗಿತ್ತು ಅತ್ತೆ? ಸದ್ದು..."

"ಎಲ್ಲೀ ಸದ್ದು! ಮೊದಲು ಹತ್ತು ನಿಮಿಷ ಕೈನ ಓಡಲಿಲ್ಲ. ಆಮ್ಯಾಲ ಕಣ್ಣು ಮುಚ್ಚಿ ನಾನ ಮನಸ್ಸಿನಾಗ ಪ್ರೆಸ್ಸು ಓಡಿಸಿದ್ನಿ. ದಬ್ ಅಂತ ಎಡಕ್ಕ, ದಬ್ ಅಂತ ಬಲಕ್ಕ. ಕಾಲೂ ತುಳಿಯಾಕ ಹತ್ತಿತ್ತಂತ, ಪರೀಕ್ಷಿ ಸಾರು ಬಂದು 'ಅಮ್ಮಾ, ಕಾಲು' ಅಂದ್ರು."

"ಮತ್ತೆ ಮೋಹನ್?"

ಅತ್ತೆಯ ಮುಖ ಸಣ್ಣದಾಯಿತು. "ಈ ಸಲಾನೂ ಒಬ್ಬ ಕೊಡಲಿಲ್ಲವ್ವಾ ಅವನಿಗೆ. ಬಾರದ ಬಾಕಿ ಅಂತ ಬರದು ಬಂದೆ. ಹೊಟ್ಟಿ ಉರೀತು."

ಬರುವ ದಾರಿಯಲ್ಲಿ ಎರಡು ಕಟ್ಟು ಮೆಂತೆ ಸೊಪ್ಪು ಕೊಂಡರು. ಮನೆಯಲ್ಲಿ ಮಾವನವರು ಹಾಲಿನ ದಿವಾನದ ಮೇಲೆ ಬಲಗಾಲು ಚಾಚಿಕೊಂಡು ಮಲಗಿದ್ದರು. ಮೊಣಕಾಲಿನ ಆಪರೇಷನ್ ಆದ ಮೇಲೆ ಪ್ರೆಸ್ಸಿನ ಹತ್ತಿರವೂ ಸುಳಿಯಬಾರದೆಂದು ಮಗ ಕಟ್ಟಪ್ಪಣೆ ಮಾಡಿದ್ದರಿಂದ ಅವರಿಗೆ ವಿಶ್ರಾಂತಿಯೇ ಕೆಲಸ. ಆದರೂ ಅಂದು ಕಾಲಿಗೆ ನೋವಿನೆಣ್ಣೆ ಹಚ್ಚಿಕೊಂಡಿದ್ದ ವಾಸನೆ.

"ತಗೋರಿ ಸೊಪ್ಪು. ಸರ್ಟಿಫಿಕೇಟು ಎರಡು ತಿಂಗಳಿಗೆ ಗೊತ್ತಾಗ್ತತಿ" ಎಂದರು ಅತ್ತೆ.

ಮಾವ ಸೊಪ್ಪನ್ನು ಎತ್ತಿ ನೋಡಿದರು. "ಬಾಡೇತಿ" ಎಂದರು. ಅಷ್ಟೇ!

ನನಗೆ ರೇಗಿಹೋಯಿತು. ಅವರ ಬಿಳಿ ಪಂಚೆಯ ಅಂಚಿಗೆ ಕಪ್ಪು ಗ್ರೀಸಿನ ಕಲೆ ಬೇರೆ. ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿ ಕೊಟ್ಟದ್ದು! ಗೇಟಿನ ಚಿಲಕಕ್ಕೆ ಒರೆಸಿಕೊಂಡಿರಬೇಕು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗದು ಎಂದು ಗೊಣಗಿಕೊಳ್ಳುತ್ತ ಸಂಜೆ ಬಟ್ಟೆ ತರಲು ಟೆರೇಸಿಗೆ ಹತ್ತಿದೆ. ಪಕ್ಕದ ಮನೆಯ ಅಕ್ಕ ತಮ್ಮ ಟೆರೇಸಿನಲ್ಲಿ ಒಣಮೆಣಸಿನಕಾಯಿ ಬಾಚುತ್ತಿದ್ದರು. ನನ್ನನ್ನು ಕಂಡವರೇ ಮೊರವನ್ನು ಸೊಂಟಕ್ಕಿಟ್ಟುಕೊಂಡರು.

"ಅಲ್ಲ ಕಣಮ್ಮಿ, ವಾರಕ್ಕೊಂದಿನ ಬಾನ್ವಾರ ಸುಮ್ಕಿರ್ತದೆ ಅಂತ ನಾವು ಮಲಿಕ್ಕಂಡ್ರೆ, ನಿಮ್ಮಾವ್ನೋರು ಇವತ್ತೂ ಮಿಸಿನ್ ಆಕವ್ರಲ್ಲ! ಅತ್ತು ಗಂಟೆಗೆ ಸುರು ಮಾಡಿದ್ದು, ಒಂದು ಗಂಟೆಗಂಟ ಬಿಡ್ನಿಲ್ಲ. ನಮ್ಮೆಜಮಾನ್ರು ಓಗಿ ಬಗ್ಗಿ ನೋಡಿದ್ರೆ ಒಳಗೆ ಒಂದು ತಗಡೂ ಇಲ್ವಂತೆ. ಗೋಡೆ ಗಡಿಯಾರ ನೋಡ್ಕಂಡು, ಬರೀ ಖಾಲಿ ತುಳೀತಾ ಕುಂತವ್ರಂತೆ! ಏನೋಪ್ಪ, ವಯಸ್ಸಾಯ್ತು ಅವ್ರಿಗೂ. ಅದಿರ್ಲಿ, ಚಟ್ನಿಪುಡಿ ಉಳ್ದಿದ್ರೆ ಒಂಚೂರು ಕೊಡಮ್ಮಿ."