ಮುನ್ನೂರ ಎಪ್ಪತ್ತು ಕಾಲಿನ ಪ್ರೊಸೆಸರ್

ನಮ್ಮ ಸೋದರಮಾವನಿಗೆ ಮನುಷ್ಯರು ಕಾಣುವುದಿಲ್ಲ. ಕಣ್ಣು ಚೆನ್ನಾಗಿಯೇ ಇವೆ, ತೊಂದರೆ ಆಗಿರುವುದೇ ಅದರಿಂದ! ಇಳಕಲ್‌ನಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ಕುಳಿತ ಅವನಿಗೆ ಎದುರಿಗೆ ಯಾವ ಹೆಂಗಸು ಬಂದರೂ ಕಾಣುವುದು ಅವಳ ಸೀರೆ ಮಾತ್ರ. ನನ್ನ ನಿಶ್ಚಯದ ದಿನ ಬೀಗತಿಯ ಸೆರಗನ್ನೇ ಕೈಗೆತ್ತಿಕೊಂಡು, ಜೇಬಿನಿಂದ ಭೂತಗನ್ನಡಿ ತೆಗೆದು, ಎಳೆ ಎಣಿಸಲು ಶುರುಮಾಡಿದ. ಆಕೆ ಹೌಹಾರಿ ಎದ್ದು ನಿಂತರು. ಸೆರಗು ಬಿಡದೆ ಮಾವನೂ ಎದ್ದ! ಸಂಬಂಧ ಮುರಿಯಿತೆಂದೇ ನಾವೆಲ್ಲ ತಿಳಿದೆವು. ಅಷ್ಟರಲ್ಲಿ ಮಾವನ ಹೆಂಡತಿ, ನಮ್ಮ ಅತ್ತೆ, ಒಳಗಿನಿಂದ ಓಡಿಬಂದಳು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಇವರಿಗೆ ಸೀರಿ ಅಷ್ಟ ಕಾಣ್ತೈತಿ, ಉಟ್ಟಾಕಿ ಕಾಣಂಗಿಲ್ಲ. ನಾ ಹ್ಯಾಂಗ ಅದೀನಿ ಅನ್ನೂದ ಇವರಿಗೆ ಇನ್ನೂ ಗೊತ್ತಿಲ್ರಿ."

ಬೀಗತಿ ನಕ್ಕರು. ನನ್ನ ಮದುವೆಯೂ ಆಯಿತು.

ಆ ಅತ್ತೆ ಹೋಗಿಬಿಟ್ಟಳು. ಮೂರು ದಿನದ ಜ್ವರ, ಅಷ್ಟೇ. ಫೋಟೊ ಎಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ಅವಳದು ನಗುವ ಚಿತ್ರ ಒಂದೂ ಇರಲಿಲ್ಲ. ಇದ್ದದ್ದು ಒಂದು ವಿಡಿಯೊ. ಗುಡೂರಿನಲ್ಲಿ ನೆಂಟರ ಕೂಸಿಗೆ ಹೆಸರಿಡುವ ದಿನ ಯಾರೋ ಸಣ್ಣ ಕ್ಯಾಮೆರಾದಲ್ಲಿ ತೆಗೆದದ್ದು. ಅತ್ತೆ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಾಳೆ, ಕ್ಯಾಮೆರಾ ನೋಡುತ್ತಾಳೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾಳೆ, ಹೊರಳಿ ಒಳಗೆ ಹೋಗುತ್ತಾಳೆ. ಒಟ್ಟು ಹನ್ನೆರಡು ಸೆಕೆಂಡು. ನೆಂಟರು ಅದನ್ನೇ ಸಿಡಿಗೆ ಹಾಕಿಸಿ ಮಾವನಿಗೆ ಕೊಟ್ಟರು.

ಮಾವನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಸೀರೆ ವ್ಯಾಪಾರಿಯೊಬ್ಬರು ಸೀರೆ ಅಂಚಿನ ಡಿಸೈನ್ ನೋಡಿಕೊಳ್ಳಲೆಂದು ತಮ್ಮ ಹಳೆಯದನ್ನು ಇವನಿಗೆ ದಾಟಿಸಿದ್ದರು. ಸ್ವಿಚ್ ಹಾಕಿ ಹೋಗಿ ಚಹಾ ಕುಡಿದು ಬರಬಹುದು. ಬೇಕೆಂದರೆ ಎರಡನೇ ಕಪ್ಪೂ ಆಗುತ್ತದೆ! ಅಂಥದ್ದರಲ್ಲಿ ವಿಡಿಯೊ ಓಡೀತೇ? ಅತ್ತೆ ಒಂದು ಹೆಜ್ಜೆ ಇಟ್ಟು ನಿಲ್ಲುವಳು. ಬಹಳ ಹೊತ್ತಿನ ಮೇಲೆ ಇನ್ನೊಂದು ಹೆಜ್ಜೆ. ಕೈ ಬಾಯಿಯವರೆಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿರುತ್ತಿತ್ತು.

ನಾನು ಬಾಗಲಕೋಟೆಯ ನವನಗರದಲ್ಲಿ ಟೈಪಿಂಗ್ ಕಲಿಸುತ್ತೇನೆ. ಅಷ್ಟಕ್ಕೇ ನಮ್ಮ ಬಳಗ ನನ್ನನ್ನು ಕಂಪ್ಯೂಟರ್ ಪಂಡಿತೆ ಮಾಡಿಬಿಟ್ಟಿದೆ. ಮಾವ ಫೋನ್ ಮಾಡಿದ.

"ಯವ್ವಾ, ನಿಮ್ಮತ್ತಿ ಭಾಳ ಕುಂಟಾಕತ್ಯಾಳ. ಏನರ ಮಾಡು."

"ಪ್ರೊಸೆಸರ್ ಹಳೇದಾತು ಮಾವಾ. ಹೊಸಾ ಕಂಪ್ಯೂಟರ್ ತಗೊ."

"ಒಡಲು ಗಟ್ಟಿ ಐತಿ, ಸೀರಿ ಯಾಕ ಒಗಿಬೇಕು? ಸೆರಗಷ್ಟ ಬದಲಿ ಮಾಡೂಣು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಮಾವನ ಮನೆಯಲ್ಲಿ ಕೊಂಡಿ ಹಾಕುತ್ತಿದ್ದವಳು ಅತ್ತೆ, ಎಣಿಸುತ್ತಿದ್ದವನು ಮಾವ. ಎಳೆಯ ಲೆಕ್ಕ ಕೂಡಿದರೆ ಸೀರೆ ಕೂಡಿದಂತೆ. ಈ ಶಾಸ್ತ್ರವನ್ನೇ ಅವನು ಕಂಪ್ಯೂಟರಿಗೂ ಹಚ್ಚಿದ! ಪ್ರೊಸೆಸರನ್ನು ಕಿತ್ತು, ಭೂತಗನ್ನಡಿ ಹಿಡಿದು, ಅದರ ಅಡಿಯಲ್ಲಿದ್ದ ಸೂಜಿಯಂಥ ಕಾಲುಗಳನ್ನು ಎಣಿಸಿದ. ಮುನ್ನೂರ ಎಪ್ಪತ್ತು. ಅರಳೆಯಲ್ಲಿ ಸುತ್ತಿ, ಅತ್ತೆಯ ಕುಂಕುಮದ ಡಬ್ಬಿಯಲ್ಲಿಟ್ಟುಕೊಂಡು ಬಾಗಲಕೋಟೆಗೆ ಬಂದ.

ನನಗೆ ಪರಿಚಯದ ಕಂಪ್ಯೂಟರ್ ಅಂಗಡಿಯ ಭಾಯಿ ಒಳ್ಳೆಯ ಮಾತನ್ನೇ ಹೇಳಿದರು. "ಕಾಕಾ, ಬೋರ್ಡಿನ ನಂಬರ್ ಬರಕೊಂಡು ಬರ್ರಿ. ಹಳೇದರಾಗ ಹೊಂದೂದು ಹುಡುಕಿ ಕೊಡ್ತೇನಿ."

"ಕಾಲು ಎಣಿಸಿ ತಂದೇನಲ್ರಿ! ಮತ್ತ ನಂಬರ್ ಯಾಕ?" ಎಂದು ಮಾವ ಸಿಟ್ಟಾಗಿ ಎದ್ದ.

ಮುಂದೆ ಕೆರೂರಿನ ಸಂತೆಗೆ ಹೋದ. ಹಳೇ ರೇಡಿಯೊ, ಹಳೇ ಕಂಪ್ಯೂಟರಿನ ಸಾಮಾನು ಹರಡಿಕೊಂಡವನ ಮುಂದೆ ಕುಳಿತು, ಒಂದೊಂದೇ ಪ್ರೊಸೆಸರ್ ಎತ್ತಿ ಸೂಜಿಯ ಮೊನೆಯಿಂದ ಕಾಲು ಎಣಿಸಿದ. ಸುತ್ತ ಜನ ಸೇರಿದರು. ಸೂಜಿ, ಭೂತಗನ್ನಡಿ ನೋಡಿದ ಅಜ್ಜಿಯೊಬ್ಬಳು ಮುಂದೆ ಬಂದು ತನ್ನ ಹಿಮ್ಮಡಿ ಚಾಚಿದಳಂತೆ. ಮಾವ ಅವಳ ಮುಳ್ಳನ್ನೂ ತೆಗೆದುಕೊಟ್ಟು, ಮುನ್ನೂರ ಎಪ್ಪತ್ತು ಕಾಲಿನದನ್ನೇ ಆರಿಸಿಕೊಂಡು ಮನೆಗೆ ಬಂದ!

ನಾನು ಇಳಕಲ್‌ಗೆ ಹೋಗಿ ಅದನ್ನು ಕೂಡಿಸಿದೆ. ತನ್ನ ಜಾಗದಲ್ಲಿ ನೆಟ್ಟಗೆ ಕುಳಿತಿತು. "ನೋಡಿದೇನು?" ಎಂದು ಮಾವ ಬೀಗಿದ. ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಹತ್ತು ಸಲ ಹಾಕಿದರೂ ಕಪ್ಪೇ. ನಗು ಬರಬೇಕಿತ್ತು, ಬರಲಿಲ್ಲ. ಮಾವ ಹೊಸ ಅಂಗಿ ಹಾಕಿಕೊಂಡು ಕುಳಿತಿದ್ದ.

"ಎಳಿ ಎಲ್ಲಾ ಕೂಡ್ಯಾವಲ್ಲವಾ," ಎಂದ ಸಣ್ಣ ದನಿಯಲ್ಲಿ. "ಇವತ್ತ ಚಂದಂಗ ನಡಕೋಂತ ಬರ್ತಾಳ ಅಂತ ಮಾಡಿದ್ದೆ."

ಭಾಯಿಗೆ ಫೋನ್ ಹಚ್ಚಿದೆ. ಕಾಲು ಅಷ್ಟೇ ಇದ್ದರೂ ಅದು ಬೇಡುವ ಕರೆಂಟು ಬೇರೆ, ಈ ಹಳೇ ಬೋರ್ಡಿಗೆ ಅದು ಒಗ್ಗುವುದಿಲ್ಲ ಎಂದರು. ವಿಡಿಯೊದ ವಿಷಯ ಹೇಳಿದೆ. "ಇದನ್ನ ಮೊದಲ ಹೇಳೂದಲ್ರಿ ಅಕ್ಕಾ," ಎಂದು ಬೋರ್ಡಿನ ನಂಬರ್ ಬರೆದುಕೊಂಡರು. ಎಂಟು ದಿನದಲ್ಲಿ, ಮೂಲೆಗೆ ಬಿದ್ದ ಕಂಪ್ಯೂಟರುಗಳನ್ನೆಲ್ಲ ಬಿಚ್ಚಿ, ಹೊಂದುವಂಥದ್ದೊಂದನ್ನು ಹುಡುಕಿ ಕೊಟ್ಟರು.

ಮತ್ತೆ ಹೋಗಿ ಕೂಡಿಸಿದೆ. ಮತ್ತೆ ಅದೇ ಹೊಸ ಅಂಗಿ. ಅತ್ತೆ ಸರಸರನೆ ಬಂದಳು, ನೋಡಿದಳು, ನಕ್ಕಳು, ಹೋದಳು. ಒಂದು ಸಲವೂ ನಿಲ್ಲಲಿಲ್ಲ. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ.

"ಇನ್ನೊಮ್ಮಿ ಹಚ್ಚು," ಎಂದ ಮಾವ. ಹಚ್ಚಿದೆ. ಮತ್ತೊಮ್ಮೆ ಎಂದ.

"ಭಾಳ ಲಗೂನ ಹೋಗಿಬಿಟ್ಟಳಲ್ಲವಾ."

"ಅತ್ತಿ ನಡಿಯೂದ ಹಿಂಗ ಇತ್ತಲ್ಲ ಮಾವಾ. ಖರೆ ಇರೂದ ಇದು."

"ಹೌದು, ಅಕಿ ಯಾವಾಗೂ ಅವಸರದಾಕಿ," ಎಂದು ಕುಂಕುಮದ ಡಬ್ಬಿಯನ್ನು ನನ್ನ ಮುಂದೆ ಸರಿಸಿದ. "ಹಳೇದನ್ನ ಹಾಕಿಬಿಡವಾ. ಅದರಾಗ ನಿಂತು ನಿಂತು ಹೋಗ್ತಿದ್ದಳು. ನನ್ನ ಕಡೆ ಎಷ್ಟೊತ್ತು ನೋಡ್ತಿದ್ದಳು."

ನನಗೆ ಅಳು ತಡೆಯಲಾಗಲಿಲ್ಲ. ಮುಖ ಬಗ್ಗಿಸಿಕೊಂಡು ಸ್ಕ್ರೂ ಬಿಚ್ಚುತ್ತ, ಏನಾದರೂ ಮಾತಾಡಬೇಕೆಂದು ಕೇಳಿದೆ. "ಮಾವಾ, ಅತ್ತಿ ಉಟ್ಟ ಆ ಸೀರಿ ನೀನ ನೇಯ್ದದ್ದೇನು?"

ಮಾವ ಆರಿದ ಪರದೆಯನ್ನೇ ನೋಡುತ್ತಿದ್ದ.

"ಸೀರಿನಾ?" ಎಂದ. "ಅದನ್ನ ನಾ ನೋಡೇ ಇಲ್ಲವಾ."