ಒಂಬತ್ತನೇ ಕುಳಿಯ ಬಲಕ್ಕೆ ಹೋಗಬಾರದು

ಪುಕ್ಕಲರಿಗೆ ಈ ಲೋಕದಲ್ಲಿ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ ಎಂಬುದು ನನ್ನ ಬಹುದಿನದ ದೂರು. ಧೈರ್ಯವಂತನಿಗೆ ಇರುವುದು ಒಂದೇ ಕೆಲಸ, ಮುನ್ನುಗ್ಗುವುದು. ಪುಕ್ಕಲನ ಪಾಡು ಹಾಗಲ್ಲ. ಮುಂದೆ ಏನೇನು ಆಗಬಹುದೆಂದು ಅವನು ಕೂತು ಯೋಚಿಸಬೇಕು, ಹಿಂದಿನಿಂದ ಏನು ಬರಬಹುದೆಂದು ತಿರುತಿರುಗಿ ನೋಡಬೇಕು, ಏನೂ ಆಗದಿದ್ದರೆ ಇನ್ನೂ ಯಾಕೆ ಆಗಲಿಲ್ಲವೆಂದು ಕಳವಳಪಡಬೇಕು. ನಾನು ಈ ದುಡಿಮೆಯನ್ನು ಬುದ್ಧಿ ಬಂದಾಗಿನಿಂದ ಮಾಡಿಕೊಂಡು ಬಂದವನು. ಜಟಕಾ ಕುದುರೆ ಸೀನಿದರೆ ಚರಂಡಿಯ ಆಚೆಗೆ ದಾಟುತ್ತೇನೆ. ಟೆಲಿಗ್ರಾಂನವನು ನಮ್ಮ ಜೋಗುಪಾಳ್ಯದ ಬೀದಿಗೆ ಬಂದರೆ, ಅವನು ಯಾರ ಮನೆಯ ಮುಂದೆ ಸೈಕಲ್ ನಿಲ್ಲಿಸುತ್ತಾನೆಂದು ತಿಳಿಯುವ ತನಕ ಬಾಗಿಲ ಹಿಂದೆ ನಿಂತಿರುತ್ತೇನೆ. ಇಂಥ ಮನುಷ್ಯ ಗಾಲ್ಫ್ ಆಡಿದ ಎಂದರೆ ನೀವು ನಂಬುವುದು ಕಷ್ಟ. ಆಡಿದೆ. ಹೆದರಿಕೆಯಿಂದಲೇ ಆಡಿದೆ.

ಆಗ ಯುದ್ಧ ಮುಗಿದಿತ್ತು. ದಂಡು ಪ್ರದೇಶದಲ್ಲಿ ನಕ್ಷೆ ಬರೆಯುವ ಒಂದು ಕಚೇರಿಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದರು, ಅವರ ಕುರ್ಚಿಗಳಲ್ಲಿ ನಮ್ಮವರು ಕೂರುತ್ತಿದ್ದರು. ನಮ್ಮ ಕಚೇರಿಯ ದೊಡ್ಡ ಕುರ್ಚಿಗೆ ಬಂದವರು ಶ್ಯಾಮರಾಯರು. ಹಿಂದಿನ ದೊರೆಯ ಕುರ್ಚಿಯ ಜೊತೆಗೆ ಅವನ ಪೈಪು, ಅವನ ಗದರಿಕೆ, ಅವನು ಬಿಟ್ಟುಹೋದ ಗಾಲ್ಫ್ ಕೋಲುಗಳ ಚೀಲ, ಎಲ್ಲವನ್ನೂ ರಾಯರು ವಹಿಸಿಕೊಂಡರು. ಕನ್ನಡವನ್ನು ಮಾತ್ರ ಗೇಟಿನ ಆಚೆ ಬಿಟ್ಟು ಬರುತ್ತಿದ್ದರು. ಅವರ ಬಾಯಿಂದ ಒಂದು ಕನ್ನಡದ ಮಾತನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಅವರು ಬಂದ ಕೆಲವೇ ದಿನಕ್ಕೆ, ಕಚೇರಿಯ ಅರ್ಧ ಕೆಲಸ ಜಬಲ್‌ಪುರಕ್ಕೆ ಹೋಗುತ್ತದೆ, ಜೊತೆಗೆ ಒಬ್ಬ ಡ್ರಾಫ್ಟ್ಸ್‌ಮನ್ ಹೋಗಬೇಕು ಎಂದು ಮೇಲಿನಿಂದ ಆರ್ಡರು ಬಂತು. ಯಾರನ್ನು ಕಳಿಸುವುದೆಂಬುದು ರಾಯರ ಇಷ್ಟ.

ಆ ಸುದ್ದಿ ಕೇಳಿ, ನಕ್ಷೆ ಬಿಡಿಸಿ, ಜಬಲ್‌ಪುರ ಎಷ್ಟು ದೂರವೆಂದು ಸ್ಕೇಲಿಟ್ಟು ಅಳೆದೆ. ನನ್ನ ಹೆಂಡತಿ ರತ್ನಮ್ಮನಿಗೆ ಆಗ ಏಳು ತಿಂಗಳು. ಹಿಂದೆ ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಉಳಿಯಲಿಲ್ಲ. ಹೆಸರು ಇಟ್ಟುಕೊಂಡು, ಅದನ್ನು ಒಬ್ಬರಿಗೊಬ್ಬರು ಹೇಳದೆ ಮರೆತ ಸಂಕಟ ನಮ್ಮಿಬ್ಬರಿಗೇ ಗೊತ್ತು. ಈ ಸಲ ನಮ್ಮ ತಾಯಿ ಯಾವುದನ್ನೂ ದೇವರ ಪಾಲಿಗೆ ಬಿಟ್ಟಿರಲಿಲ್ಲ. ಬಸುರಿ ಏನು ಮಾಡಬಾರದು ಎಂಬುದಕ್ಕಿಂತ ಬಸುರಿಯ ಗಂಡ ಏನು ಮಾಡಬಾರದು ಎಂಬುದೇ ದೊಡ್ಡದಾಗಿತ್ತು. ಕ್ಷೌರ ಮಾಡಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಹಾವಿಗೆ ಕೇಡು ಮಾಡುವುದಿರಲಿ ಹುತ್ತದ ಮಣ್ಣನ್ನೂ ಕೆದಕಬಾರದು. ನನ್ನ ಕೂದಲು ಕಿವಿಯನ್ನು ಮುಚ್ಚಿ ಕಾಲರಿಗೆ ಇಳಿದಿತ್ತು. ಕಚೇರಿಯಲ್ಲಿ ನನ್ನನ್ನು ಪಿಟೀಲು ವಿದ್ವಾಂಸರೇ ಎಂದು ಕರೆಯುತ್ತಿದ್ದರು. ಇಂಥ ಹೊತ್ತಿನಲ್ಲಿ ಜಬಲ್‌ಪುರವೆಂದರೆ ಎಲ್ಲಿಗೆ ಹೋಗುವುದು? ಅವಳನ್ನು ರೈಲಿನಲ್ಲಿ ಕುಲುಕಿಸಿಕೊಂಡು ಹೋಗುವಂತಿಲ್ಲ, ಬಿಟ್ಟು ಹೋಗುವ ಧೈರ್ಯ ನನಗಿಲ್ಲ.

ಇದರ ನಡುವೆ ರಾಯರಿಗೆ ಗಾಲ್ಫಿನ ತಲೆನೋವು. ಹಲಸೂರಿನ ಆಚೆ, ಸೋಲ್ಜರುಗಳು ಕವಾಯತು ಮಾಡುತ್ತಿದ್ದ ಬಯಲಿನಲ್ಲಿ ಒಂಬತ್ತು ಕುಳಿಗಳ ಮೈದಾನವಿತ್ತು. ಟಿಕೆಟ್ ಕೊಂಡವರು ಯಾರು ಬೇಕಾದರೂ ಅಲ್ಲಿ ಆಡಬಹುದು. ಟಿಕೆಟ್ ಕೊಳ್ಳದವರು ಯಾರು ಬೇಕಾದರೂ ನಡುವೆ ಓಡಾಡಬಹುದು, ಎಮ್ಮೆ ಮೇಯಿಸಬಹುದು, ಬೆರಣಿ ಒಣಗಿಸಬಹುದು. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಿಕ್ಕ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದುಕೊಂಡು ಹೋಗಿ ದೂರದ ಕುಳಿಗೆ ಬೀಳಿಸಬೇಕು, ಕಡಿಮೆ ಏಟಿಗೆ ಬೀಳಿಸಿದವರಿಗೆ ಆ ಕುಳಿ. ನಮ್ಮ ಗೋಲಿ ಆಟವನ್ನೇ ಜಮೀನುಳ್ಳವರು ಆಡಿದರೆ ಹೀಗಿರುತ್ತದೆ. ರಾಯರು ಪ್ರತಿ ಸಲವೂ ಲೆಕ್ಕಪತ್ರ ಕಚೇರಿಯ ಥಾಮಸ್ ಎಂಬ ಉದ್ದನೆಯ ಮನುಷ್ಯನಿಗೂ ಅವನ ಭಾವಮೈದನಿಗೂ ಸೋಲುತ್ತಿದ್ದರು. ಸೋಲಿಗೆ ತಮ್ಮ ಏಟು ಕಾರಣವಲ್ಲ, ಸರಿಯಾದ ನಕ್ಷೆ ಇಲ್ಲದ್ದೇ ಕಾರಣ ಎಂದು ತೀರ್ಮಾನಿಸಿ ನನ್ನನ್ನು ಕರೆಸಿದರು. ಮೈದಾನವನ್ನೆಲ್ಲ ತಿರುಗಿ ನೋಡಿ, ಪ್ರತಿ ಕುಳಿಗೂ ಚೆಂಡು ಯಾವ ದಾರಿಯಲ್ಲಿ ಹೋಗಬೇಕೆಂದು ಗೆರೆ ಹಾಕಿ ತರಬೇಕೆಂದು ಅಪ್ಪಣೆಯಾಯಿತು.

ನಾನು ತಿರುಗಿದೆ. ತಿರುಗಿದಷ್ಟೂ ಅಪಾಯಗಳೇ ಕಂಡವು. ಮೊದಲನೇ ಕುಳಿಗೆ ಹೊಡೆಯುವ ಜಾಗದ ಬೆನ್ನಿಗೇ ಒಂದು ಹೆಂಚಿನ ಕಟ್ಟಡ, ಅದರ ವರಾಂಡದಲ್ಲಿ ಬೆತ್ತದ ಕುರ್ಚಿಗಳಲ್ಲಿ ಟೀ ಕುಡಿಯುವ ಜನ. ಕೋಲು ಬೀಸಿ ಚೆಂಡಿಗೆ ತಾಕದೇ ಹೋದರೆ ಅವರೆಲ್ಲ ನೋಡುತ್ತಾರೆ. ಆದ್ದರಿಂದ ಬೀಸಲೇ ಕೂಡದು, ಬೇರರ್ ಬಿಸ್ಕತ್ತಿನ ತಟ್ಟೆ ತಂದ ಸಮಯ ನೋಡಿ ಮೆಲ್ಲಗೆ ತಳ್ಳಬೇಕು ಎಂದು ಬರೆದೆ. ಎರಡನೆಯದಕ್ಕೆ ಅಡ್ಡಲಾಗಿ ರಸ್ತೆ. ಗಂಡಸಾದವನು ರಸ್ತೆಯ ಮೇಲಿಂದ ಹಾರಿಸಬೇಕಂತೆ. ಅಲ್ಲಿ ಸೌದೆ ಗಾಡಿ ಬರುತ್ತದೆ, ಫ್ರೇಜರ್ ಟೌನಿನ ಕಡೆಯಿಂದ ಕಾನ್ವೆಂಟಿನ ಸನ್ಯಾಸಿನಿಯರು ಸಾಲಾಗಿ ಬರುತ್ತಾರೆ. ಚೆಂಡು ಒಬ್ಬರ ಹಣೆಗೆ ಬಡಿದರೆ ನಾನು ಯಾವ ದೇವರಿಗೆ ತಪ್ಪುಕಾಣಿಕೆ ಕಟ್ಟಿಡಲಿ? ರಸ್ತೆಯ ಅಂಚಿನ ತನಕ ಹೊಡೆದು ನಿಲ್ಲಿಸಿ, ಎರಡೂ ಕಡೆ ನೋಡಿ, ಮುದುಕರು ರಸ್ತೆ ದಾಟುವ ಹಾಗೆ ಚೆಂಡನ್ನು ದಾಟಿಸಬೇಕು ಎಂದು ಗೆರೆ ಹಾಕಿದೆ.

ಮೂರನೆಯದರ ಎಡಕ್ಕೆ ದೋಬಿಗಳು ಆಸ್ಪತ್ರೆಯ ಬಟ್ಟೆ ಒಣಹಾಕುತ್ತಾರೆ. ಅವರಲ್ಲೊಬ್ಬ ನಮ್ಮ ಮನೆಯ ಬಟ್ಟೆಯನ್ನೂ ಒಗೆಯುವವನು. ಅವನ ಕತ್ತೆಗೆ ಏಟು ಬಿದ್ದರೆ ನನ್ನ ಅಂಗಿಯ ಗತಿ ಏನಾಗುತ್ತದೆಂದು ಊಹಿಸಿಯೇ ಗೆರೆಯನ್ನು ಬಲಕ್ಕೆ ಎಳೆದೆ. ನಾಲ್ಕನೆಯದಕ್ಕೆ ಎಮ್ಮೆಗಳು ಮಲಗುವ ಕುಂಟೆ, ಐದನೆಯದಕ್ಕೆ ಗಾಜಿನ ಕಿಟಕಿಗಳ ಬಂಗಲೆ ಮತ್ತು ಅದರ ಎರಡು ನಾಯಿಗಳು. ಆರು, ಏಳು, ಎಂಟರ ಪಕ್ಕಕ್ಕೆ ಇರುವುದು ಬರೀ ಸಮಾಧಿಗಳ ತೋಟ. ಅಲ್ಲಿನವರು ಯಾರ ಮೇಲೂ ದೂರು ಕೊಡುವುದಿಲ್ಲವಾದ್ದರಿಂದ ಇಡೀ ಮೈದಾನದಲ್ಲಿ ನನಗೆ ಸ್ವಲ್ಪ ಉಸಿರಾಡಲು ಆದದ್ದು ಅಲ್ಲೇ. ಆದರೆ ಒಂಬತ್ತನೆಯದರ ಬಲಕ್ಕೆ, ಬೇವಿನ ಮರದ ಬುಡದಲ್ಲಿ, ಆಳೆತ್ತರದ ಹುತ್ತವಿತ್ತು. ಹಲಸೂರಿನ ಹೆಂಗಸರು ಅರಿಶಿನ ಕುಂಕುಮ ಹಚ್ಚಿ, ಹಾಲೆರೆದು, ಹುತ್ತದ ಬಾಯಲ್ಲಿ ಕೋಳಿಮೊಟ್ಟೆ ಇಟ್ಟು ಪೂಜೆ ಮಾಡುವ ಹುತ್ತ. ನಾನು ದೂರದಿಂದಲೇ ಕೈಮುಗಿದು, ನಕ್ಷೆಯಲ್ಲಿ ಅದರ ಸುತ್ತ ಕೆಂಪು ಶಾಯಿಯಲ್ಲಿ ದಪ್ಪಗೆ ಗೆರೆ ಎಳೆದು, ಯಾವ ಕಾರಣಕ್ಕೂ ಬಲಕ್ಕೆ ಹೋಗಬಾರದು ಎಂದು ಬರೆದೆ. ರಾಯರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಪೈಪನ್ನು ಬಾಯಿಂದ ತೆಗೆದು, ಇಷ್ಟು ಭದ್ರವಾದ ಆಟವನ್ನು ತಾವು ಎಲ್ಲೂ ಕಂಡಿಲ್ಲ ಎಂದು ಇಂಗ್ಲಿಷಿನಲ್ಲಿ ಹೊಗಳಿದರು.

ನನ್ನ ಗ್ರಹಚಾರ, ಥಾಮಸನ ಜೋಡಿಯ ಮೇಲೆ ಭಾನುವಾರಕ್ಕೆ ಗೊತ್ತಾಗಿದ್ದ ಪಂದ್ಯದ ಎರಡು ದಿನ ಮೊದಲು, ರಾಯರ ಜೋಡಿಯಾಗಿ ಆಡುತ್ತಿದ್ದ ಡಾಕ್ಟರೊಬ್ಬರು ಕಾಲು ಉಳುಕಿಸಿಕೊಂಡರು. ರಾಯರು ನನ್ನನ್ನು ಕರೆದು, ದಾರಿ ಬರೆದವನಿಗೆ ದಾರಿಯಲ್ಲಿ ನಡೆಯಲು ಬರುವುದಿಲ್ಲವೇ ಎಂದರು. ನಾನು ಕೋಲು ಹಿಡಿದವನೇ ಅಲ್ಲ ಎಂದೆ. ಮೆಲ್ಲಗೆ ತಳ್ಳಬೇಕೆಂದು ನೀವೇ ಬರೆದಿದ್ದೀರಿ, ಮೆಲ್ಲಗೆ ತಳ್ಳಿದರೆ ಆಯಿತು ಎಂದರು. ಕೊನೆಗೆ, ಗೆದ್ದರೆ ಜಬಲ್‌ಪುರದ ವಿಷಯ ಯೋಚಿಸೋಣ ಎಂದು ಒಂದು ಮಾತು ಹಾಕಿದರು. ಸೋತರೆ ಏನು ಎಂಬುದನ್ನು ಹೇಳಲಿಲ್ಲ. ಅದನ್ನು ಯೋಚಿಸುವ ಕೆಲಸ ನನ್ನ ಪಾಲಿಗೆ ಬಂತು.

ಭಾನುವಾರ ಬೆಳಿಗ್ಗೆ ನಾನು ಹೊರಟ ವೇಷವನ್ನು ವರ್ಣಿಸುವುದಿಲ್ಲ. ಎರವಲು ತಂದ ಟೋಪಿ ನನ್ನ ಕೂದಲಿನ ಮೇಲೆ ಕೂರದೆ ತೇಲುತ್ತಿತ್ತು ಎಂದರೆ ಸಾಕು. ಆ ದಿನದ ಆಟದಲ್ಲಿ ಒಂದು ಜೋಡಿಗೆ ಒಂದೇ ಚೆಂಡು. ಜೊತೆಗಾರರಿಬ್ಬರೂ ಸರದಿಯಂತೆ ಅದನ್ನೇ ಹೊಡೆಯಬೇಕು. ರಾಯರು ಹೊಡೆದ ಮೇಲೆ ನಾನು, ನಾನು ಹೊಡೆದ ಮೇಲೆ ರಾಯರು. ನಾನು ನಕ್ಷೆಯಲ್ಲಿದ್ದಂತೆ ತಳ್ಳುತ್ತಾ ಹೋದೆ. ಆಶ್ಚರ್ಯವೆಂದರೆ ಹೆದರಿಕೆ ಗೆಲ್ಲತೊಡಗಿತು. ಥಾಮಸ್ ವೀರನಂತೆ ಬೀಸಿ ಎಮ್ಮೆಗಳ ಕುಂಟೆಗೆ ಒಂದು ಚೆಂಡನ್ನು ಅರ್ಪಿಸಿದ. ಅವನ ಭಾವಮೈದ ಬಂಗಲೆಯೊಳಗೆ ಹೊಡೆದು, ನಾಯಿಗಳನ್ನು ನೋಡಿ, ಚೆಂಡು ಬೇಡವೆಂದು ವಾಪಸು ಬಂದ. ಎಂಟು ಕುಳಿ ಮುಗಿದಾಗ ಎರಡೂ ಕಡೆ ಸಮಸಮ. ರಾಯರು ನನ್ನ ಬೆನ್ನು ತಟ್ಟಿದರು. ಬೆನ್ನಿಗೆ ಕೈ ಬಿದ್ದದ್ದಕ್ಕೂ ನಾನು ಬೆಚ್ಚಿಬಿದ್ದೆ.

ಒಂಬತ್ತನೇ ಕುಳಿ ಇರುವುದು ಆ ವರಾಂಡದ ಎದುರಿಗೇ. ಮೊದಲ ಏಟು ರಾಯರದು. ವರಾಂಡದ ತುಂಬ ಜನ ಎದ್ದು ನಿಂತಿದ್ದನ್ನು ನೋಡಿ ರಾಯರ ತಲೆಗೆ ಏನು ಹೊಕ್ಕಿತೋ, ಚೀಲದಲ್ಲಿದ್ದ ಅತಿ ದೊಡ್ಡ ಕೋಲನ್ನು ಎಳೆದರು. ಎಡಕ್ಕೆ ಸಾರ್, ಎಡಕ್ಕೆ ಎಂದು ನಾನು ಪಿಸುಗುಟ್ಟಿದೆ. ಅವರು ಮೈಯೆಲ್ಲ ತಿರುಚಿ ಬೀಸಿದರು. ಚೆಂಡು ಹಕ್ಕಿಯ ಹಾಗೆ ಮೇಲೆದ್ದು, ಬಲಕ್ಕೆ ವಾಲಿ, ನೇರವಾಗಿ ಬೇವಿನ ಮರದ ಕಡೆಗೆ ಹೋಗಿ ಇಳಿಯಿತು. ಮುಂದಿನ ಏಟು ನನ್ನದು.

ಆ ಭಾನುವಾರ ಷಷ್ಠಿಯೂ ಸೇರಿ ಬಂದಿತ್ತು. ಹುತ್ತದ ಮುಂದೆ ಒಬ್ಬ ವಯಸ್ಸಾದ ಹೆಂಗಸು ಕಣ್ಣುಮುಚ್ಚಿ ಮಂತ್ರದಂತೆ ಏನೋ ಹೇಳಿಕೊಂಡು, ಕೈಗೆ ಸಿಕ್ಕಿದ್ದಕ್ಕೆಲ್ಲ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಹುತ್ತದ ಬಾಯಲ್ಲಿ ಮೊಟ್ಟೆಗಳು, ಮೊಟ್ಟೆಗಳ ಮಧ್ಯೆ ನಮ್ಮ ಚೆಂಡು. ಅದಕ್ಕೂ ಅರಿಶಿನ ಆಗಿತ್ತು, ಕುಂಕುಮದ ಬೊಟ್ಟೂ ಬಿದ್ದಿತ್ತು. ನಾನು ಬೂಟು ಬಿಚ್ಚಿ ಬರಿಗಾಲಲ್ಲಿ ಹತ್ತಿರ ಹೋಗಿ, ಅದರಲ್ಲಿ ಒಂದು ನಮ್ಮದು ಎಂದು ನಿಧಾನವಾಗಿ ತಿಳಿಸಿದೆ. ಆಕೆ ಕಣ್ಣು ಬಿಟ್ಟು, ನನ್ನ ಕೈಯಲ್ಲಿದ್ದ ಕೋಲನ್ನು ನೋಡಿದಳು.

"ಯಾವ್ದಾನಾ ಆಗ್ಲಿ ಸಾಮಿ, ಪೂಜೆ ಆಗೋಯ್ತು. ಇನ್ನ ಅದು ನಾಗಪ್ಪಂದು," ಎಂದಳು.

ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕೆಂಬುದು ಆಟದ ಕಾನೂನು. ಹೊಡೆಯದಿದ್ದರೆ ಪಂದ್ಯ ಹೋಯಿತು, ಪಂದ್ಯ ಹೋದರೆ ಜಬಲ್‌ಪುರ. ಹೊಡೆದರೆ ಮೊಟ್ಟೆ ಒಡೆಯುತ್ತದೆ, ಹುತ್ತದ ಬಾಯಿ ಕುಸಿಯುತ್ತದೆ, ಒಳಗಿರುವವನು ಹೊರಗೆ ಬಂದು ಯಾರೆಂದು ನೋಡುತ್ತಾನೆ. ಅವನು ನನ್ನನ್ನು ಕಚ್ಚಿದರೆ ಅಲ್ಲಿಗೆ ಮುಗಿಯಿತು. ಕಚ್ಚದೆ, ಇವನ ಹೆಂಡತಿ ಏಳು ತಿಂಗಳ ಬಸುರಿ ಎಂದು ನೆನಪಿಟ್ಟುಕೊಂಡು ಒಳಗೆ ಹೋದರೆ? ವರಾಂಡದಿಂದ ಯಾರೋ ನಗುತ್ತಿದ್ದರು. ಥಾಮಸ್ ಗಡಿಯಾರ ನೋಡುತ್ತಿದ್ದ. ನಾನು ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಕೈಮುಗಿದು ಹಾಗೇ ನಿಂತುಬಿಟ್ಟೆ.

ಹಿಂದಿನಿಂದ ರಾಯರ ಬೂಟಿನ ಸದ್ದು ದಡದಡ ಬಂತು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಅವರು ನನ್ನ ಪಕ್ಕಕ್ಕೆ ಬಂದು, ಹುತ್ತವನ್ನು ನೋಡಿ, ಮೊಟ್ಟೆಗಳನ್ನು ನೋಡಿ, ಥಾಮಸನ ಕಡೆಗೆ ಬೆನ್ನು ತಿರುಗಿಸಿ ನಿಂತರು. ಪೈಪನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿದರು.

"ಮುಟ್ಟಬೇಡ ಕಣಯ್ಯ," ಎಂದರು, ತುಟಿ ಅಲುಗದ ಹಾಗೆ, ಅಚ್ಚ ಕನ್ನಡದಲ್ಲಿ. "ನಮ್ಮ ಸೊಸೆಗೂ ಇದು ಆರನೇ ತಿಂಗಳು."

ಆಮೇಲೆ ಬೂಟಿನ ದಾರ ಕಟ್ಟಿಕೊಳ್ಳುವವರಂತೆ ಬಗ್ಗಿ, ನೆಲ ಮುಟ್ಟಿ, ಬೆವರು ಒರೆಸಿಕೊಳ್ಳುವವರಂತೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಎದ್ದು ತಿರುಗಿ, ದೊರೆಯ ಗಂಟಲಿನಲ್ಲಿ, ಚೆಂಡು ಕಳೆದುಹೋಗಿದೆ, ಪಂದ್ಯ ನಿಮ್ಮದು ಎಂದು ಮೈದಾನಕ್ಕೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಸಾರಿದರು.

ಸೋಮವಾರ ಅವರು ನನ್ನನ್ನು ಒಳಗೆ ಕರೆದಾಗ, ಆ ಕೋಣೆಯ ಬಾಗಿಲನ್ನೂ ಚೆಂಡಿನ ಹಾಗೆ ಮೆಲ್ಲಗೆ ತಳ್ಳಿದೆ. ದೊರೆ ಹೆದರಿದ್ದನ್ನು ಕಣ್ಣಾರೆ ಕಂಡ ನೌಕರನನ್ನು ಯಾವ ದೊರೆ ಹತ್ತಿರ ಇಟ್ಟುಕೊಳ್ಳುತ್ತಾನೆ? ರಾಯರು ಫೈಲಿನಿಂದ ತಲೆಯೆತ್ತದೆ, ಜಬಲ್‌ಪುರಕ್ಕೆ ಮದುವೆಯಾಗದವರೊಬ್ಬರು ತಾವಾಗಿಯೇ ಹೋಗಲು ಒಪ್ಪಿದ್ದಾರೆ ಎಂದರು. ಮುಂದಿನ ಹಾಳೆ ತಿರುವುತ್ತಾ, ಭಾನುವಾರ ಚೆಂಡು ಕಳೆದುಹೋಯಿತು, ಬೇರೆ ಏನೂ ಆಗಲಿಲ್ಲ, ಅಲ್ಲವೇ ಎಂದು ಕೇಳಿದರು. ಬೇರೆ ಏನೂ ಆಗಲಿಲ್ಲ ಸಾರ್ ಎಂದೆ. ಹೊರಗೆ ಬಂದಾಗ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಆದರೂ ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು.

ಮನೆಗೆ ಬಂದು ರತ್ನಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಜಬಲ್‌ಪುರ ತಪ್ಪಿತು ಎಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ಹಾಕಿದಳು.

"ಅಲ್ಲಾರೀ, ಅಷ್ಟು ಹೊತ್ತು ಕೈಮುಗ್ದು ನಿಂತಿದ್ರಲ್ಲ, ನಮ್ಮ ಮಗೂಗೆ ಏನು ಕೇಳ್ಕೊಂಡ್ರಿ?"

ಹುತ್ತದ ಮುಂದೆ ನಾನು ಬೇಡಿಕೊಂಡದ್ದು ಒಂದೇ ಮಾತು: ಅಪ್ಪಾ ನಾಗಪ್ಪಾ, ರಾಯರು ಬರುತ್ತಿದ್ದಾರೆ, ನನ್ನನ್ನು ಉಳಿಸು. ಮಗುವಿನ ನೆನಪು ಬಂದದ್ದು ಹೆದರುವಾಗ ಮಾತ್ರ, ಬೇಡುವಾಗ ಬರಲೇ ಇಲ್ಲ. ಅದನ್ನು ಅವಳ ಮುಖಕ್ಕೆ ಹೇಳುವುದು ಹೇಗೆ? ಮೊದಲು ಕೇಳಿಕೊಂಡದ್ದೇ ಮಗು ಚೆನ್ನಾಗಿರಲಿ ಅಂತ ಎಂದುಬಿಟ್ಟೆ. ಅವಳು ಸಮಾಧಾನದಿಂದ ಅಕ್ಕಿಯ ಕಡೆ ತಿರುಗಿದಳು. ನನಗೆ ಹೊಸ ಹೆದರಿಕೆ ಹತ್ತಿಕೊಂಡಿತು. ನಾಗಪ್ಪನ ವಿಷಯದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರಿದ್ದಾರೆ?

ಮಂಗಳವಾರ ಬೆಳಿಗ್ಗೆ ಕಚೇರಿಗೆ ಮೊದಲು, ಹಾಲು ಮತ್ತು ಮೊಟ್ಟೆ ಹಿಡಿದುಕೊಂಡು ಬೇವಿನ ಮರದ ಬುಡಕ್ಕೆ ಹೋದೆ. ಅದೇ ಹೆಂಗಸು, ಇನ್ನಿಬ್ಬರ ಜೊತೆಗೆ ಅಲ್ಲಿದ್ದಳು. ಏನು ಹರಕೆ ಎಂದು ಕೇಳಿದವಳಿಗೆ, ಹೆಂಡತಿ ಬಸುರಿ ಎಂದೆ. ಹಾಲೆರೆದು, ಮೊಟ್ಟೆಯಿಟ್ಟು, ಕೈಮುಗಿದು, ಈ ಸಲ ಸರಿಯಾಗಿ ಕೇಳಬೇಕೆಂದು ಮಾತು ಜೋಡಿಸಿಕೊಂಡೆ: ತಾಯಿ ಚೆನ್ನಾಗಿರಲಿ, ಮಗು ಚೆನ್ನಾಗಿರಲಿ. ಬಾಯಿ ತೆರೆಯುವಷ್ಟರಲ್ಲಿ ಮೈದಾನದ ಕಡೆಯಿಂದ, ಚೆಂಡು ಬರುತ್ತಿದೆ ತಲೆ ಕಾಪಾಡಿಕೊಳ್ಳಿ ಎಂದು ಆಟಗಾರರು ಎಚ್ಚರಿಸುವ ಕೂಗು ಕೇಳಿತು. ಕೇಳಿದ್ದೇ ತಡ, ಅಂಗಾತ ಬಿದ್ದರೆ ಮುಖಕ್ಕೆ ಬಡಿದೀತೆಂದು ಬೋರಲು ಬಿದ್ದೆ, ಕೈಗಳೆರಡೂ ಮುಂದಕ್ಕೆ ಚಾಚಿ, ಮೂಗು ಮಣ್ಣಿಗೆ ತಾಗಿ. ಚೆಂಡು ತಲೆಯ ಮೇಲಿಂದ ಸುಯ್ಯೆಂದು ಹೋಯಿತು. ಮಣ್ಣಿಗೆ ಮಾತ್ರ ಕೇಳುವಂತೆ ನನ್ನ ಬಾಯಿಂದ ಹೊರಟ ಮಾತು, ಅಪ್ಪಾ ನಾಗಪ್ಪಾ, ನನ್ನ ತಲೆ ಉಳಿಸು.

ಹೆಂಗಸರಿಗೆ ಚೆಂಡಿನ ಕಡೆ ಲಕ್ಷ್ಯವಿರಲಿಲ್ಲ. ಗಂಡಸೊಬ್ಬ ಹೆಂಡತಿಯ ಹೊಟ್ಟೆಯ ಕೂಸಿಗಾಗಿ ಹೀಗೆ ಉದ್ದಂಡ ನಮಸ್ಕಾರ ಹಾಕಿದ್ದನ್ನು ತಾವು ಕಂಡೇ ಇಲ್ಲ ಎಂದು ಅವರು ಹಲಸೂರಿನ ಸಂತೆಯಲ್ಲೆಲ್ಲ ಹೇಳಿದರು. ಅದು ಜೋಗುಪಾಳ್ಯಕ್ಕೂ ಬಂತು, ರತ್ನಮ್ಮನ ಕಿವಿಗೂ ಬಿತ್ತು. ಮಗಳು ಗುಂಡುಗುಂಡಾಗಿ, ಗಟ್ಟಿ ಗಂಟಲಿನೊಂದಿಗೆ ಹುಟ್ಟಿದಳು. ಅಪ್ಪನ ಭಕ್ತಿಯಿಂದ ದಕ್ಕಿದ ಕೂಸು ಎಂದು ಬೀದಿಯವರೆಲ್ಲ ಇವತ್ತಿಗೂ ಹೇಳುತ್ತಾರೆ. ಆಗೆಲ್ಲ ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ಅದನ್ನು ಅವರು ವಿನಯ ಅಂದುಕೊಂಡಿದ್ದಾರೆ.