ಉಯ್ಯಾಲೆ ಮನೆಯ ಕಂದಾಯ ಬಾಕಿ

ಮನೆ ಮಾರುವವರು ಮತ್ತು ಕೊಳ್ಳುವವರು ಈ ಭೂಮಿಯ ಮೇಲೆ ಇರುವವರೆಗೂ ನನ್ನ ಕಸುಬಿನಲ್ಲಿ ನಗುವಿಗೆ ಬರವಿಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಾನು ವಡೋದರಾದ ಒಬ್ಬ ಗುಜರಾತಿ ವಕೀಲರ ಕೈಕೆಳಗೆ ಇದ್ದೆ. ಮಾರಾಟಕ್ಕಿರುವ ಮನೆಯ ಮೇಲೆ ಸಾಲ, ದಾವೆ, ಕಂದಾಯ ಬಾಕಿ ಏನಾದರೂ ಉಂಟೇ ಎಂದು ಹುಡುಕಿ ಹೇಳುವುದು ನನ್ನ ಕೆಲಸ. ಇದಕ್ಕೆ ಚುರುಕು ಕಣ್ಣು ಬೇಕು. ನನಗಿದ್ದದ್ದು ಹಗಲುಗನಸಿನ ಕಣ್ಣು. ಯಾವ ಮನೆಗೆ ಹೋದರೂ ಮೊದಲು ಕಿಟಕಿಯಲ್ಲಿ ನಿಂತು, ನಾನೇ ಇಲ್ಲಿದ್ದರೆ ಸಂಜೆ ಬಿಸಿಲು ಎಲ್ಲಿಯವರೆಗೆ ಬರುತ್ತಿತ್ತು ಎಂದು ಯೋಚಿಸಿ, ಆಮೇಲೆ ಕಾಗದಪತ್ರ ಕೇಳುತ್ತಿದ್ದೆ.

ಈ ಚಟ ನಮ್ಮ ವಂಶದ್ದೇ ಇರಬೇಕು. ಉಡುಪಿ ಕಡೆಯಿಂದ ಬಂದ ನನ್ನ ಚಿಕ್ಕಪ್ಪ ಅದೇ ಊರಿನ ಫತೇಗಂಜಿನಲ್ಲಿ ಇಡ್ಲಿ ದೋಸೆಯ ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರೂ ಚಿಕ್ಕಮ್ಮನೂ ಮದುವೆಯಾದಾಗಿನಿಂದ ಹೋಟೆಲಿನ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದವರು. ಚಿಕ್ಕಮ್ಮನಿಗೆ ಒಂದೇ ಆಸೆ. ಗುಜರಾತಿನ ಮನೆಗಳ ನಡುಮನೆಯಲ್ಲಿ ತೂಗುತ್ತದಲ್ಲ, ಮರದ ಹಲಗೆಯ ದೊಡ್ಡ ಉಯ್ಯಾಲೆ, ಅಂಥದ್ದೊಂದು ತೂಗುವ ಸ್ವಂತ ಮನೆ ಬೇಕು. ಚಿಕ್ಕಪ್ಪ ಯಾವ ಊರಾದರೂ ಸೈ ಎಂದಿದ್ದರು. "ಇಡ್ಲಿ ಎಲ್ಲಿಯೂ ಬೇಯ್ತದೆ ಮಾರಾಯ್ತಿ, ನೀನು ಮನೆ ಹುಡುಕು" ಎಂದು ನನ್ನ ಕಡೆ ತಿರುಗಿ ಭಾರವನ್ನು ನನ್ನ ತಲೆಗೆ ಹಾಕಿದರು.

೧. ಕೆರೆ ಕಾಣುವ ಫ್ಲಾಟು

ಗುಜರಾತಿನ ಆ ದೊಡ್ಡ ಭೂಕಂಪ ಆಗಿಹೋದ ಮೇಲೆ ಅಹಮದಾಬಾದಿನಲ್ಲಿ ಎತ್ತರದ ಫ್ಲಾಟುಗಳೆಂದರೆ ಜನ ಹೆದರುತ್ತಿದ್ದರು, ಬೆಲೆ ಇಳಿದಿತ್ತು. ವಸ್ತ್ರಾಪುರದ ಒಂದು ಫ್ಲಾಟು ನೋಡಲು ಮೂವರೂ ಹೋದೆವು. ಬಾಲ್ಕನಿಯಿಂದ ಕೆರೆ ಕಾಣುತ್ತಿತ್ತು. ಚಿಕ್ಕಪ್ಪ ಕಣ್ಣು ಮುಚ್ಚಿ ಗಾಳಿಗೆ ಮುಖ ಕೊಟ್ಟು, "ಮಲ್ಪೆಯಲ್ಲಿ ಕೂತ ಹಾಗೇ ಆಗ್ತದೆ" ಎಂದರು. ಹಿಂದಿನ ಮಾಲೀಕ ವರ್ಷಗಟ್ಟಲೆ ಮನೆ ಕಂದಾಯ ಕಟ್ಟದೆ ಹೋಗಿದ್ದಾನೆ ಎಂದು ನಾನು ಆಗಲೇ ಹೇಳಬೇಕಾಯಿತು.

"ಅವ ಮಾಡಿದ ಬಾಕಿ ಅವನೇ ಕಟ್ಲಿ. ನಮಗೆಂಥದು?" ಎಂದರು ಚಿಕ್ಕಪ್ಪ, ಕಣ್ಣು ತೆರೆಯದೆ.

"ಹಾಗಲ್ಲ ಚಿಕ್ಕಪ್ಪ. ಈ ಬಾಕಿ ಮನುಷ್ಯನ ಹಿಂದೆ ಹೋಗುವುದಿಲ್ಲ, ಮನೆಯಲ್ಲೇ ಇರ್ತದೆ. ಕೊಂಡವರ ಹತ್ತಿರವೇ ವಸೂಲಿ. ಕೊಡದಿದ್ದರೆ ಕಂದಾಯದ ಆಫೀಸಿನವರು ಬೀಗ ಹಾಕಬಹುದು, ಹರಾಜೂ ಹಾಕಬಹುದು. ಬ್ಯಾಂಕಿನ ಸಾಲಕ್ಕಿಂತಲೂ ಮೊದಲಿನ ಹಕ್ಕು ಅದರದ್ದೇ."

ಚಿಕ್ಕಪ್ಪನಿಗೆ ಇದು ತಲೆಗೆ ಹೋಗಲಿಲ್ಲ. ಅಡುಗೆಮನೆ ನೋಡುತ್ತಿದ್ದ ಚಿಕ್ಕಮ್ಮ ಅಲ್ಲಿಂದಲೇ, "ಜಾಗದ ಭೂತದ ಹಾಗೆ ಅಲ್ವಾ? ನಮ್ಮೂರಲ್ಲಿ ಜಾಗ ಮಾರಿದವ ಹೋಗ್ತಾನೆ, ಭೂತ ಅಲ್ಲೇ ಉಳೀತದೆ. ತಕೊಂಡವರೇ ವರ್ಷ ವರ್ಷ ಸೇವೆ ಕೊಡ್ಬೇಕು" ಎಂದರು. ನಾನು ಹೂಂ ಎಂದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಆಫೀಸಿನವರನ್ನು ಒಂದು ಮಾತು ಕೇಳು. ಎರಡು ಕೋಳಿಯಲ್ಲಿ ಮುಗೀತದಾ ಅಂತ" ಎಂದರು.

ಫ್ಲಾಟಿನ ಈಗಿನ ಮಾಲೀಕರು ಬೆಳ್ಳುಳ್ಳಿಯನ್ನೂ ಹೊಸ್ತಿಲು ದಾಟಿಸದವರು. ನಮ್ಮ ಮಾತು ಅರ್ಥವಾಗದೆ, ಬೆಹೆನ್ ಏನು ಹೇಳಿದರು ಎಂದು ಹಿಂದಿಯಲ್ಲಿ ಕೇಳಿದರು. ಮನೆ ಸಿಕ್ಕಿದರೆ ದೊಡ್ಡ ಪೂಜೆ ಮಾಡಿಸುತ್ತಾರಂತೆ ಎಂದೆ. ಅವರು ಭಕ್ತಿಯಿಂದ ಕೈಮುಗಿದು ಹೇಳಿದರು: "ಪ್ರಸಾದ ನನಗೂ ಕಳಿಸಿ."

೨. ಮಾನ ಕಳೆಯುವ ಢೋಲು

ವಸ್ತ್ರಾಪುರದ ಬಾಕಿ ನಮ್ಮ ಕೈ ಮೀರಿದ್ದು. ಮುಂದೆ ಸೂರತ್ತಿನಲ್ಲಿ, ತಾಪಿ ನದಿಯ ಗಾಳಿ ಬೀಸುವ ಒಂದು ಗಲ್ಲಿಯಲ್ಲಿ ಮನೆ ನೋಡಿದೆವು. ಒಳಗೆ ಉಯ್ಯಾಲೆ ಇತ್ತು. ಚಿಕ್ಕಮ್ಮ ಅದರಲ್ಲಿ ಕೂತು, ಕಾಲ್ಬೆರಳಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತ, ಯಾವ ಮೂಲೆಯಲ್ಲಿ ದೇವರು, ಯಾವ ಮೂಲೆಯಲ್ಲಿ ಅಕ್ಕಿ ಡಬ್ಬ ಎಂದು ಅರೆನಿದ್ದೆಯಲ್ಲಿ ಗೊತ್ತುಮಾಡುತ್ತಿದ್ದರು. ಮನೆಯ ಯಜಮಾನ, ಬಾಕಿ ಇಲ್ಲವೇ ಇಲ್ಲ ಎಂದು ಮೂರನೆಯ ಸಲ ಹೇಳುತ್ತಿರುವಾಗ ಹೊರಗೆ ಢೋಲಿನ ಸದ್ದು ಕೇಳಿಸಿತು.

ಕಂದಾಯ ವಸೂಲಿಯವರು ಬಂದಿದ್ದರು. ನೋಟೀಸಿಗೆ ಬಗ್ಗದವರ ಮನೆಮುಂದೆ ಢೋಲು ಬಾರಿಸಿ, ನೆರೆಹೊರೆಯವರನ್ನೆಲ್ಲ ಸೇರಿಸಿ, ಇವರು ಬಾಕಿದಾರರು ಎಂದು ಸಾರಿ ಮಾನ ಕಳೆಯುವುದು ಅವರ ಉಪಾಯ. ಒಬ್ಬ ಅಧಿಕಾರಿ, ಒಬ್ಬ ಢೋಲಿನವನು. ಆದರೆ ಆ ಉಪಾಯ ಹೂಡಿದವರು ಪಂಚಾಂಗ ನೋಡಿರಲಿಲ್ಲ. ನವರಾತ್ರಿ ಹತ್ತಿರ ಬಂದಿತ್ತು. ಗುಜರಾತಿನಲ್ಲಿ ಆ ದಿನಗಳಲ್ಲಿ ಢೋಲು ಕೇಳಿದರೆ ಜನರ ಕಾಲು ಅವರ ಮಾತು ಕೇಳುವುದಿಲ್ಲ.

ಮೊದಲು ಎದುರುಮನೆಯ ಅಜ್ಜಿ ಚಪ್ಪಾಳೆ ತಟ್ಟುತ್ತ ಬಂದರು. ಅವರ ಹಿಂದೆ ಇಬ್ಬರು ಸೊಸೆಯರು. ನೋಡನೋಡುತ್ತ ಇಡೀ ಗಲ್ಲಿಯ ಹೆಂಗಸರು ಅಧಿಕಾರಿಯನ್ನು ನಡುವೆ ನಿಲ್ಲಿಸಿ ಸುತ್ತ ಗರ್ಬಾ ಶುರುಮಾಡಿದರು. ಅಧಿಕಾರಿ ಕಾಗದ ಹಿಡಿದು "ಶ್ರೀಯುತರು ಇಷ್ಟು ವರ್ಷದಿಂದ" ಎಂದು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಢೋಲಿನವನಿಗೂ ಹುರುಪು ಬಂದು ತಾಳ ಏರಿಸಿದ. ನಿಲ್ಲಿಸೋ ಎಂದರೆ, "ಅಂಬಾ ಮಾತೆಯ ಹೆಸರಲ್ಲಿ ಹೆಂಗಸರು ಆಡುತ್ತಿದ್ದಾರೆ ಸಾಹೇಬ್, ನಡುವೆ ನಿಲ್ಲಿಸಿದರೆ ಪಾಪ" ಎಂದ. ಒಳಗಿನಿಂದ ಚಿಕ್ಕಮ್ಮನೂ ಸೆರಗು ಸಿಕ್ಕಿಸಿಕೊಂಡು ಹೋಗಿ ಸೇರಿಕೊಂಡರು. ಅವರ ಹೆಜ್ಜೆ ಗರ್ಬಾದ್ದೂ ಆಗಿರಲಿಲ್ಲ, ನಮ್ಮೂರಿನದ್ದೂ ಆಗಿರಲಿಲ್ಲ, ಆದರೂ ಅಷ್ಟು ಚೆಂದವಾಗಿ ಅವರು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕೊನೆಗೆ ಬೆವರಿ ಸುಸ್ತಾದ ಅಧಿಕಾರಿಗೆ ಬಾಕಿದಾರ ಯಜಮಾನರೇ ಶರಬತ್ತು ತಂದುಕೊಟ್ಟು ಮೆಲ್ಲಗೆ ಹೇಳಿದರು: "ನಾಳೆಯೂ ಇದೇ ಹೊತ್ತಿಗೆ ಬನ್ನಿ ಸಾಹೇಬ್. ಈ ವರ್ಷ ನಮ್ಮ ಗಲ್ಲಿಗೆ ಢೋಲಿನವನು ಇನ್ನೂ ಸಿಕ್ಕಿರಲಿಲ್ಲ."

೩. ಇಲ್ಲದ ಮಹಡಿ

ಹುಡುಕಿ ಹುಡುಕಿ ಕೊನೆಗೆ ಮರುವರ್ಷ ಮನೆ ಸಿಕ್ಕಿದ್ದು ಫತೇಗಂಜಿನಲ್ಲೇ, ಹೋಟೆಲಿನಿಂದ ಕೂಗಳತೆಯಲ್ಲಿ. ಒಬ್ಬ ಜೈನ ಮುದುಕರ ಹಳೆಯ ಮನೆ. ಎಲ್ಲರೂ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕಿ ಎನ್ನುತ್ತಿದ್ದರು. ಮಗಳ ಊರಿಗೆ ಹೋಗಿ ಇರುವ ಮನಸ್ಸಾಗಿ ಮನೆ ಮಾರಲು ಹೊರಟಿದ್ದರು. ಉಯ್ಯಾಲೆ ಇಬ್ಬರು ಮಲಗುವಷ್ಟು ದೊಡ್ಡದು. ತೊಡಕು ಒಂದೇ. ಬಹಳ ಹಿಂದೆ ಕಂದಾಯ ಕಚೇರಿಯವರು, ಮನೆಗೆ ಮೇಲೊಂದು ಮಹಡಿ ಇದೆಯೆಂದು ತಪ್ಪಾಗಿ ಬರೆದುಕೊಂಡು ದೊಡ್ಡ ಬಿಲ್ಲು ಕಳಿಸಿದ್ದರು. ಕಾಕಾ ಕಚೇರಿಗೆ ಹೋಗಿ ಕೂಗಾಡಿ ಬಂದರೇ ಹೊರತು ಕಟ್ಟಲಿಲ್ಲ. ಮರುವರ್ಷದಿಂದ ಬಿಲ್ಲು ಸರಿಯಾಗಿ ಬಂತು, ಹಳೆಯದು ಮಾತ್ರ ಹಾಗೇ ಉಳಿದು ಬಡ್ಡಿ ತಿಂದು ಕೊಬ್ಬಿತು. ಅದನ್ನು ಕಟ್ಟಿ ಮನೆ ಕೊಳ್ಳುವ ಶಕ್ತಿ ಚಿಕ್ಕಪ್ಪನಿಗಿರಲಿಲ್ಲ. ಇಲ್ಲದ ಮಹಡಿಗೆ ಪೈಸೆ ಕಟ್ಟುವ ಮನಸ್ಸು ಕಾಕಾನಿಗಿರಲಿಲ್ಲ.

ನಮ್ಮ ವಕೀಲರು ದಾರಿ ತೋರಿಸಿದರು. "ಇಂಥ ಋಣಭಾರಕ್ಕೂ ಆಯುಸ್ಸು ಇದೆ. ಹನ್ನೆರಡು ವರ್ಷ ಅವರು ದಾವೆ ಹೂಡದಿದ್ದರೆ, ಆಮೇಲೆ ಅದು ಸತ್ತ ಹಾಗೆ ಅಂತ ನಾನು ವಾದಿಸಬಲ್ಲೆ. ಇನ್ನು ಕೆಲವೇ ತಿಂಗಳು ಉಳಿದಿದೆ. ಅಲ್ಲಿಯವರೆಗೆ ಒಂದು ಪೈಸೆ ಕಟ್ಟಬೇಡಿ, ಬಾಕಿಯ ಬಗ್ಗೆ ಒಂದು ಸಾಲು ಬರೆದು ಸಹಿ ಹಾಕಬೇಡಿ. ಬರೆದರೆ ಒಪ್ಪಿಕೊಂಡ ಹಾಗೆ, ಮತ್ತೆ ಒಂದರಿಂದ ಎಣಿಕೆ."

ಹೀಗೆ ನಾವೆಲ್ಲ ಸುಮ್ಮನಿರುವ ಕೆಲಸಕ್ಕೆ ಕೂತೆವು. ಅಂಥ ಸುಖದ ಕೆಲಸ ನಾನು ಮತ್ತೆ ಮಾಡಿಲ್ಲ. ಮಧ್ಯಾಹ್ನ ಹೋಟೆಲು ಮುಚ್ಚಿದ ಮೇಲೆ ಚಿಕ್ಕಮ್ಮ ಕಾಕಾನ ಮನೆಗೆ ಹೋಗಿ ಉಯ್ಯಾಲೆಯಲ್ಲಿ ಕಾಕಿಯ ಪಕ್ಕ ಕೂರುತ್ತಿದ್ದರು. ಇವರ ಗುಜರಾತಿ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರದ್ದು ಇವರಿಗೆ ಕಾಲು ತಿಳಿಯುತ್ತಿತ್ತು. ಮಾತು ಮುಗಿದು ಇಬ್ಬರೂ ತೂಕಡಿಸುತ್ತಿದ್ದರು. ಹಿತ್ತಲಿನ ಬೇವಿನ ನೆರಳು ನಿಧಾನಕ್ಕೆ ಒಳಗೆ ಬರುತ್ತಿತ್ತು. ಕಚೇರಿಗೆ ಹೋಗಬೇಕಾದ ನಾನೂ ಬಾಗಿಲ ಬಳಿ ಕೂತು ಅದನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಜೈನರ ಪರ್ಯೂಷಣ ಬಂತು. ಆ ಹಬ್ಬದ ಕೊನೆಯ ದಿನ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಎಲ್ಲರನ್ನೂ ಕೇಳಿಕೊಳ್ಳುವುದು ಪದ್ಧತಿ. ದೂರದವರಿಗೆ ಕಾರ್ಡು ಹಾಕುತ್ತಾರೆ. ಒಂದು ಬೆಳಿಗ್ಗೆ ಕಾಕಾ ನಗುನಗುತ್ತ ನಮ್ಮ ಕಚೇರಿಗೆ ಬಂದು, "ಈ ವರ್ಷ ಮನಸ್ಸು ಪೂರ್ತಿ ಹಗುರವಾಯಿತು. ಕಂದಾಯ ಕಚೇರಿಯ ದೊಡ್ಡ ಸಾಹೇಬರಿಗೂ ಕಾರ್ಡು ಹಾಕಿಬಿಟ್ಟೆ" ಎಂದರು.

ವಕೀಲರ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. "ಏನಂತ ಬರೆದಿರಿ?"

"ನನ್ನ ಮನೆಯ ಕಂದಾಯದ ಬಾಕಿಯ ವಿಷಯದಲ್ಲಿ ನಿಮ್ಮ ಕಚೇರಿಯವರ ಮನಸ್ಸು ನೋಯಿಸಿದ್ದೇನೆ, ಕ್ಷಮಿಸಿ ಅಂತ."

"ಸಹಿ?"

"ಸಹಿ ಇಲ್ಲದೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ?"

ವಕೀಲರು ಹಣೆ ಚಚ್ಚಿಕೊಂಡರು. "ಕಾಕಾ, ಇಷ್ಟು ವರ್ಷದ ತಪಸ್ಸು ಒಂದು ಅಂಚೆ ಚೀಟಿಗೆ ಹೋಯಿತು!"

"ನಾನು ಜನ್ಮದಲ್ಲಿ ಕೂಗಾಡಿದ್ದು ಅವರೊಬ್ಬರ ಮೇಲೆ. ಅವರನ್ನು ಬಿಟ್ಟು ಉಳಿದವರ ಕ್ಷಮೆ ಕೇಳಿ ಏನು ಬಂತು?" ಎಂದರು ಕಾಕಾ. ಸುದ್ದಿ ಕೇಳಿದ ಚಿಕ್ಕಮ್ಮ ಉಯ್ಯಾಲೆಯಿಂದ ಇಳಿದು, ಬೇರೆಯವರ ಮನೆಯಲ್ಲಿ ಕೂರುವ ಹಾಗೆ ನೆಲದ ಮೇಲೆ ಕೂತರು. ನನಗೆ ತುಂಬಾ ಸಂಕಟವಾಯಿತು.

ಮರುವಾರ ಕಂದಾಯ ಕಚೇರಿಯ ಸಾಹೇಬರು ಸ್ವತಃ ಮನೆಗೇ ಬಂದರು. ಕೈಯಲ್ಲಿ ಆ ಕಾರ್ಡು. ವಕೀಲರು, ಚಿಕ್ಕಪ್ಪ, ನಾನು ಓಡಿಬಂದೆವು. ಸಾಹೇಬರು ನೇರ ಅಂಗಳಕ್ಕಿಳಿದು ಕತ್ತೆತ್ತಿ ನೋಡಿದರು. ಮೇಲೆ ಹೆಂಚು, ಅದರ ಮೇಲೆ ಆಕಾಶ. ಒಳಗೆ ಬಂದು ಕಾಕಾನ ಮುಂದೆ ಕೈಜೋಡಿಸಿದರು.

"ಈ ನೌಕರಿಗೆ ಸೇರಿದಾಗಿನಿಂದ ಜನ ನನ್ನನ್ನು ಬೈದಿದ್ದಾರೆ, ಶಾಪ ಹಾಕಿದ್ದಾರೆ. ಕ್ಷಮೆ ಕೇಳಿದವರು ನೀವೊಬ್ಬರೇ. ಮೂರು ದಿನ ನಿದ್ದೆ ಬರಲಿಲ್ಲ. ಆ ಮಹಡಿ ಬರೆದವನು ನಾನೇ ಕಾಕಾ. ಆಗ ಗುಮಾಸ್ತನಾಗಿದ್ದೆ. ಬೇಸಿಗೆಯ ಮಧ್ಯಾಹ್ನ, ಕಣ್ಣು ಎಳೆಯುತ್ತಿತ್ತು. ಬೀದಿಯ ಆ ತುದಿಯಲ್ಲೇ ನಿಂತು, ಹಿಂದಿನ ಮನೆಯ ಮಹಡಿಯನ್ನು ನಿಮ್ಮ ತಲೆಯ ಮೇಲೆ ಕಟ್ಟಿಬಿಟ್ಟೆ. ನೀವು ನನ್ನನ್ನು ಕ್ಷಮಿಸಬೇಕು."

ಕಾಕಾನ ಕಣ್ಣು ತುಂಬಿತು. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡರು. ಭಾಷೆ ಪೂರ್ತಿ ತಿಳಿಯದ ಚಿಕ್ಕಪ್ಪನೂ ಗೊಳೋ ಎಂದರು. ಆ ಋಣಭಾರ ರದ್ದಾಗಿ, ದೀಪಾವಳಿಯ ಹೊತ್ತಿಗೆ ಮನೆ ಉಯ್ಯಾಲೆಯ ಸಮೇತ ಚಿಕ್ಕಮ್ಮನದ್ದಾಯಿತು. ಆದರೆ ನನಗೆ ಇವತ್ತಿಗೂ ಮರೆಯಲಾಗದ್ದು ಆ ಗಳಿಗೆ. ಎಲ್ಲರೂ ಅಳುತ್ತಿರುವಾಗ ನಮ್ಮ ವಕೀಲರು ಮಾತ್ರ ಸದ್ದಿಲ್ಲದೆ ಎದ್ದು, ಕೋಟಿನ ಜೇಬಿನಿಂದ ಪೆನ್ನು ತೆಗೆದು, ಒಂದು ಬಿಳಿ ಹಾಳೆಯನ್ನು ಸಾಹೇಬರ ತೊಡೆಯ ಮೇಲಿಟ್ಟು, ಮುದ್ದುಮಾಡುವ ದನಿಯಲ್ಲಿ ಹೇಳಿದರು:

"ಬಹಳ ದೊಡ್ಡ ಮನಸ್ಸು ಸಾಹೇಬ್ ನಿಮ್ಮದು. ಈಗ ಹೇಳಿದ್ದನ್ನೇ ಸ್ವಲ್ಪ ಬರೆದು, ಕೆಳಗೊಂದು ಸಹಿ ಹಾಕಿಬಿಡಿ. ಸಹಿ ಇಲ್ಲದೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ?"